ಶಾಲೆಯ ಹೆಸರಲ್ಲಿ ‘ಸೆಂಡ್’ ಒತ್ತುವ ಮುನ್ನ
ಅಮೆರಿಕದ ಶಾಲಾ ಡಿಸ್ಟ್ರಿಕ್ಟ್‌ಗಳಲ್ಲಿ ಕೆಲಸ ಮಾಡುವವರಿಗೆ ಒಂದು ಕೈಪಿಡಿ

ಅಮೆರಿಕದ ಶಾಲಾ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಒಂದರಲ್ಲಿ ಕೆಲಸಕ್ಕೆ ಸೇರಿದರೆ ಸಾಮಾನ್ಯವಾಗಿ ‘ಬ್ರ್ಯಾಂಡ್ ಗೈಡ್’ ಎಂಬ ಪಿಡಿಎಫ್ ಕೈಗೆ ಬರುತ್ತದೆ. ಲೋಗೋ ಹೀಗಿರಬೇಕು, ಬಣ್ಣ ಇದೇ ಆಗಬೇಕು, ಫಾಂಟ್ ಇಂಥದ್ದೇ ಬೇಕು. ಅದನ್ನು ತೆರೆದು ನೋಡುವವರು ಕಡಿಮೆ. ಪ್ರಕಟಣೆಗಳನ್ನು ನೋಡಿಕೊಳ್ಳುವ ಕಮ್ಯುನಿಕೇಷನ್ಸ್ ಆಫೀಸಿನವರ ತಲೆನೋವು ನಮಗೇಕೆ ಅನ್ನಿಸುವುದು ಸಹಜ.

ಆದರೆ ಪೋಷಕರಿಗೆ ದಿನನಿತ್ಯ ಹೋಗುವ ಸಂದೇಶಗಳನ್ನು ಬರೆಯುವವರು ಆ ಆಫೀಸಿನವರಲ್ಲ. ಫ್ರಂಟ್ ಆಫೀಸಿನ ಸೆಕ್ರೆಟರಿ, ಕ್ಲಾಸ್ ಟೀಚರ್, ನರ್ಸ್, ಕೋಚ್, ಬಸ್ ವಿಭಾಗದವರು. ಇಬ್ಬರು ಮಕ್ಕಳಿರುವ ಮನೆಗೆ ಇವರೆಲ್ಲರಿಂದಲೂ ಮೆಸೇಜ್ ಬರುತ್ತಲೇ ಇರುತ್ತದೆ. ಒಬ್ಬೊಬ್ಬರದು ಒಂದೊಂದು ಶೈಲಿ, ಒಂದೊಂದು ಬಣ್ಣ. ಶಾಲೆಯ ಹೆಸರಲ್ಲಿ ಬರುವ ಮೋಸದ ಇಮೇಲ್‌ಗಳೂ ಅದೇ ಇನ್‌ಬಾಕ್ಸ್‌ನಲ್ಲಿ ಇರುತ್ತವೆ. ಹಾಗಾಗಿ ನಾನು ಬ್ರ್ಯಾಂಡಿಂಗ್‌ನಿಂದ ಕೇಳುವುದು ಎರಡೇ: ಇದು ನಮ್ಮ ಶಾಲೆಯದ್ದೇ ಎಂದು ಒಂದು ನೋಟಕ್ಕೆ ಗೊತ್ತಾಗಬೇಕು, ನಾನೇನು ಮಾಡಬೇಕು ಎಂದು ಮೊದಲ ಸಾಲಿಗೇ ಗೊತ್ತಾಗಬೇಕು. ಚಂದ ಕಾಣುವುದು ಆಮೇಲಿನ ಮಾತು.

ದೇಶದಲ್ಲಿ ಸುಮಾರು 13 ಸಾವಿರ ಡಿಸ್ಟ್ರಿಕ್ಟ್‌ಗಳಿವೆ, ಅವುಗಳ ನಿಯಮ ಬೇರೆ ಬೇರೆ. ಇಲ್ಲಿರುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಕೆಲಸಕ್ಕೆ ಬರುವ ಹೆಜ್ಜೆಗಳು.

1. ಹೇಳಬೇಕಾದವರು ನೀವೇನಾ?

ತರಗತಿಯ ವಿಷಯ ಟೀಚರ್ ಹೇಳಲಿ, ಇಡೀ ಶಾಲೆಯ ವಿಷಯ ಪ್ರಿನ್ಸಿಪಾಲ್ ಹೇಳಲಿ. ಪೊಲೀಸ್ ಬಂದ ವಿಷಯ, ಯಾರಿಗೋ ಪೆಟ್ಟಾದ ವಿಷಯ, ಎರಡು ಮೂರು ಶಾಲೆಗೆ ಸೇರಿದ ವಿಷಯ ಇದ್ದರೆ ಕೀಬೋರ್ಡ್ ಮುಟ್ಟುವ ಮೊದಲು ಕಮ್ಯುನಿಕೇಷನ್ಸ್ ಆಫೀಸಿಗೆ ಫೋನ್ ಮಾಡಿ. ವರದಿಗಾರರು ಕರೆ ಮಾಡಿದರೆ ಹೆಸರು, ಸಂಸ್ಥೆ, ಪ್ರಶ್ನೆ, ಎಷ್ಟು ಹೊತ್ತಿಗೆ ಉತ್ತರ ಬೇಕು ಎಂಬುದನ್ನು ಬರೆದುಕೊಂಡು ಅದೇ ಆಫೀಸಿಗೆ ದಾಟಿಸಿ. ‘ನೋ ಕಮೆಂಟ್’ ಅನ್ನಬೇಡಿ, ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಕೇಳಿಸುತ್ತದೆ. ‘ಈ ವಿಷಯಕ್ಕೆ ಸರಿಯಾದವರು ನಿಮಗೆ ಫೋನ್ ಮಾಡುತ್ತಾರೆ’ ಅಂದರೆ ಸಾಕು.

2. ಮುಖ್ಯ ಮಾತು ಮೊದಲ ಸಾಲಿನಲ್ಲೇ ಇರಲಿ

ಶಾಲೆ ಬೇಗ ಬಿಡುತ್ತದೆ ಎಂದು ತಿಳಿಸಬೇಕಿದೆ ಅಂದುಕೊಳ್ಳಿ. ಸಾಮಾನ್ಯವಾಗಿ ಹೋಗುವ ಪತ್ರ ಹೀಗಿರುತ್ತದೆ:

‘ಮಾನ್ಯ ಪೋಷಕರೇ, ನಮ್ಮ ಶಾಲೆಯು ಶಿಕ್ಷಕರ ವೃತ್ತಿಪರ ಬೆಳವಣಿಗೆಗೆ ಸದಾ ಬದ್ಧವಾಗಿದೆ. ಈ ನಿಟ್ಟಿನಲ್ಲಿ ಅಕ್ಟೋಬರ್ ತಿಂಗಳಲ್ಲಿ ತರಬೇತಿಯೊಂದನ್ನು ಹಮ್ಮಿಕೊಂಡಿದ್ದು, ತತ್ಸಂಬಂಧ ಅಂದಿನ ವೇಳಾಪಟ್ಟಿಯಲ್ಲಿ ಕೆಲವು ಬದಲಾವಣೆಗಳನ್ನು ಮಾಡಲಾಗಿದೆ…’

ಮೂರನೇ ಪ್ಯಾರಾದಲ್ಲಿ ಎಲ್ಲೋ ಸಮಯ ಇರುತ್ತದೆ. ಕೆಲಸದ ನಡುವೆ ಫೋನ್ ನೋಡುವ ಅಪ್ಪ ಅಮ್ಮ ಅಲ್ಲಿಯವರೆಗೆ ಹೋಗುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು:

‘ಬುಧವಾರ, ಅಕ್ಟೋಬರ್ 14: ಶಾಲೆ ಮಧ್ಯಾಹ್ನ 12:30ಕ್ಕೆ ಬಿಡುತ್ತದೆ. ಬಸ್‌ಗಳು 12:40ಕ್ಕೆ ಹೊರಡುತ್ತವೆ. ಊಟ ಕೊಟ್ಟೇ ಕಳಿಸುತ್ತೇವೆ. ಆ ಹೊತ್ತಿಗೆ ಕರೆದುಕೊಂಡು ಹೋಗಲು ಆಗದಿದ್ದರೆ ಸೋಮವಾರದೊಳಗೆ ಆಫೀಸಿಗೆ ತಿಳಿಸಿ. ಅಂದು ಮಧ್ಯಾಹ್ನ ಶಿಕ್ಷಕರಿಗೆ ತರಬೇತಿ ಇದೆ.’

ಕಾರಣ ಕೊನೆಗೆ ಹೋಯಿತು ನೋಡಿ. ಊಟದ ಸಾಲು ಏಕೆ ಬಂತು? ಅದಿಲ್ಲದಿದ್ದರೆ ಅದೊಂದನ್ನೇ ಕೇಳಲು ಆಫೀಸಿಗೆ ಸಾಲು ಸಾಲು ಫೋನ್ ಬರುತ್ತದೆ. ಬರೆದು ಮುಗಿಸಿದ ಮೇಲೆ ‘ಇದನ್ನು ಓದಿದವರು ಏನು ಕೇಳಲು ಫೋನ್ ಮಾಡಬಹುದು?’ ಎಂದು ಯೋಚಿಸಿ, ಅದಕ್ಕೆ ಉತ್ತರ ಸೇರಿಸಿ. ಇಮೇಲ್‌ನ ಸಬ್ಜೆಕ್ಟ್ ಕೂಡ ಇದೇ ದಾರಿ ಹಿಡಿಯಲಿ. ‘ಮುಖ್ಯ ಸೂಚನೆ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಅ. 14: ಶಾಲೆ 12:30ಕ್ಕೆ ಬಿಡುತ್ತದೆ’ ಅಂದರೆ ಇಮೇಲ್ ತೆರೆಯದವರಿಗೂ ವಿಷಯ ಮುಟ್ಟಿತು.

ಆಫೀಸಿನ ಒಳಗಿನ ಭಾಷೆಯನ್ನು ಹೊರಗೆ ಬಿಡಬೇಡಿ. ಐಇಪಿ (ವಿಶೇಷ ಶಿಕ್ಷಣ ಬೇಕಾದ ಮಗುವಿನ ಕಲಿಕಾ ಯೋಜನೆ), ಎಂಟಿಎಸ್‌ಎಸ್ (ಮಕ್ಕಳಿಗೆ ಹಂತ ಹಂತವಾಗಿ ನೆರವು ಕೊಡುವ ವ್ಯವಸ್ಥೆ), ಪಿಬಿಐಎಸ್ (ಒಳ್ಳೆಯ ನಡತೆ ಬೆಳೆಸುವ ಕ್ರಮ) ನಿಮಗೆ ಬಾಯಿಪಾಠ. ಕಳೆದ ವಾರವಷ್ಟೇ ಮಗುವನ್ನು ಸೇರಿಸಿದವರಿಗೆ ಅದು ಒಗಟು. ಮೊದಲ ಸಲ ಬರೆಯುವಾಗ ಅದೇನೆಂದು ಬಿಡಿಸಿ ಹೇಳಿ.

ಎಸ್‌ಎಂಎಸ್ ಕಳಿಸುವವರು ಇನ್ನೊಂದು ಲೆಕ್ಕ ತಿಳಿದಿರಬೇಕು. ಸಾದಾ ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಯುತ್ತದೆ. ನಡುವೆ ಒಂದೇ ಒಂದು ಇಮೋಜಿ ಬಂದರೂ ಮಿತಿ 70ಕ್ಕೆ ಇಳಿಯುತ್ತದೆ. ವರ್ಡ್‌ನಿಂದ ಕಾಪಿ ಮಾಡಿದಾಗ ಬರುವ ಬಾಗಿದ ಉದ್ಧರಣ ಚಿಹ್ನೆಗೂ ಇದೇ ಗತಿ. ಸ್ಪ್ಯಾನಿಷ್‌ನಲ್ಲಿ ಮೇಲೆ ಗೀಟಿರುವ ಕೆಲವು ಅಕ್ಷರಗಳೂ ಹೀಗೇ ಮಾಡುತ್ತವೆ. ಕನ್ನಡ, ಹಿಂದಿ, ಚೀನಿ ಲಿಪಿಗಳಿಗಂತೂ ಸಿಗುವುದೇ 70. ಅದನ್ನು ಮೀರಿದರೆ ಸಂದೇಶ ತುಂಡಾಗಿ ಹೋಗುತ್ತದೆ. ಕೆಲವೊಮ್ಮೆ ಹಿಂದಿನದು ಮುಂದೆ, ಮುಂದಿನದು ಹಿಂದೆ. ಎಸ್‌ಎಂಎಸ್‌ನಲ್ಲಿ ಒಂದು ಮಾತು, ಒಂದು ಲಿಂಕ್, ಅಷ್ಟೇ.

ತುಂಬಾ ಜನ ಪೋಷಕರಿಗೆ ಒಂದೇ ಇಮೇಲ್ ಕಳಿಸುವಾಗ ವಿಳಾಸಗಳು ‘ಬಿಸಿಸಿ’ಯಲ್ಲಿರಲಿ, ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ಇನ್ನೊಂದು ಮಾತು: ಡಿಸ್ಟ್ರಿಕ್ಟ್ ಸರ್ಕಾರಿ ಸಂಸ್ಥೆ. ರಾಜ್ಯದ ಸಾರ್ವಜನಿಕ ದಾಖಲೆ ಕಾನೂನಿನಡಿ ನಿಮ್ಮ ಇಮೇಲ್‌ಗಳನ್ನು ಸಾಮಾನ್ಯವಾಗಿ ಯಾರು ಬೇಕಾದರೂ ಕೇಳಬಹುದು. ಮಕ್ಕಳ ಖಾಸಗಿ ವಿವರಕ್ಕೆ ರಕ್ಷಣೆ ಇದೆ, ನಿಮ್ಮ ವ್ಯಂಗ್ಯಕ್ಕೆ ಇಲ್ಲ.

3. ಲೋಗೋವನ್ನು ಗೂಗಲ್‌ನಲ್ಲಿ ಹುಡುಕಬೇಡಿ

ಹಾಗೆ ಸಿಗುವುದು ಹಳೆಯದೋ, ಮಸುಕಾದದ್ದೋ ಆಗಿರುತ್ತದೆ. ಕಮ್ಯುನಿಕೇಷನ್ಸ್ ಆಫೀಸಿನಿಂದ ಮೂಲ ಫೈಲ್ ಕೇಳಿ ಇಟ್ಟುಕೊಳ್ಳಿ. ಬ್ಯಾನರ್, ಟೀಶರ್ಟ್ ಮಾಡಿಸಲು ಎಸ್‌ವಿಜಿ ಅಥವಾ ಇಪಿಎಸ್, ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ವರ್ಡ್, ಸ್ಲೈಡ್‌ಗಳಿಗೆ ಹಿನ್ನೆಲೆ ಇಲ್ಲದ ಪಿಎನ್‌ಜಿ. ಬಣ್ಣದ ಪೋಸ್ಟರ್ ಮೇಲೆ ಲೋಗೋ ಸುತ್ತ ಬಿಳಿ ಡಬ್ಬಿ ಕಾಣಿಸುತ್ತಿದ್ದರೆ ಅದು ಜೆಪೆಗ್ ಎಂದೇ ಲೆಕ್ಕ.

ಗಾತ್ರ ಬದಲಿಸುವಾಗ ಮೂಲೆ ಹಿಡಿದು ಎಳೆಯಿರಿ. ಪಕ್ಕ ಹಿಡಿದು ಎಳೆದರೆ ಶಾಲೆಯ ಮ್ಯಾಸ್ಕಾಟ್ (ಶಾಲಾ ತಂಡದ ಗುರುತಿನ ಪ್ರಾಣಿ) ಆದ ಹುಲಿ ಎಮ್ಮೆಯಂತೆ ಕಾಣುತ್ತದೆ. ಮ್ಯಾಸ್ಕಾಟ್ ಆಟಕ್ಕೆ, ಟೀಶರ್ಟಿಗೆ. ಅಮಾನತಿನ ಪತ್ರದ ತಲೆಯಲ್ಲಿ ನಗುವ ಹುಲಿ ಇದ್ದರೆ ಆಭಾಸವಾಗುತ್ತದೆ, ಅಲ್ವಾ? ಅಲ್ಲಿ ಡಿಸ್ಟ್ರಿಕ್ಟ್ ಲೆಟರ್‌ಹೆಡ್ ಬೇಕು. ಹೊಸ ಮ್ಯಾಸ್ಕಾಟ್ ಬರೆಸುವ ಆಸೆ ಇದ್ದರೆ ಅದು ಯಾವುದಾದರೂ ವಿಶ್ವವಿದ್ಯಾಲಯದ ಲೋಗೋ ಥರ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಅವು ಟ್ರೇಡ್‌ಮಾರ್ಕ್‌ಗಳು. ಹೈಸ್ಕೂಲ್‌ಗಳಿಗೆ ವಿಶ್ವವಿದ್ಯಾಲಯಗಳಿಂದ ‘ಇದನ್ನು ತೆಗೆಯಿರಿ’ ಎಂಬ ಪತ್ರ ಬಂದದ್ದುಂಟು. ಆಮೇಲೆ ಯೂನಿಫಾರ್ಮ್, ಜಿಮ್ ನೆಲ, ಸ್ಕೋರ್‌ಬೋರ್ಡ್ ಎಲ್ಲ ಬದಲಿಸಬೇಕು.

ಪ್ರತಿ ವಿಭಾಗಕ್ಕೂ ಒಂದೊಂದು ಲೋಗೋ ಬೇಕೆಂಬ ಹಟ ಎಲ್ಲ ಕಡೆ ಇರುತ್ತದೆ. ನನ್ನ ಪ್ರಕಾರ ಬೇಡವೇ ಬೇಡ. ಬಸ್ ವಿಭಾಗದ ಲೋಗೋ ಪೋಷಕರಿಗೆ ಏನನ್ನೂ ಹೇಳುವುದಿಲ್ಲ. ಡಿಸ್ಟ್ರಿಕ್ಟ್ ಲೋಗೋ ಕೆಳಗೆ ‘ಸಾರಿಗೆ’ ಎಂದು ಬರೆದರೆ ಮುಗಿಯಿತು. ಪಿಟಿಎ (ಪೋಷಕರು, ಶಿಕ್ಷಕರ ಸಂಘ), ಬೂಸ್ಟರ್ ಕ್ಲಬ್‌ಗಳು (ಶಾಲೆಯ ತಂಡಗಳಿಗೆ ಹಣ ಕೂಡಿಸುವ ಪೋಷಕರ ಗುಂಪುಗಳು) ಬೇರೆ ಸಂಸ್ಥೆಗಳು. ಸ್ನೇಹಕ್ಕೆ ಸಿಕ್ಕಿ ಅವರಿಗೆ ಶಾಲೆಯ ಲೆಟರ್‌ಹೆಡ್ ಕೊಡಬೇಡಿ.

4. ಎಲ್ಲರಿಗೂ ಓದಲು ಆಗುತ್ತದಾ?

2024ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಅಂಗವಿಕಲರ ಹಕ್ಕಿನ ಕಾಯ್ದೆಯಾದ ಎಡಿಎ ಅಡಿಯಲ್ಲಿ ಹೊಸ ನಿಯಮ ತಂದಿತು. ಸರ್ಕಾರಿ ಸಂಸ್ಥೆಗಳ ವೆಬ್‌ಸೈಟ್, ಆ್ಯಪ್‌ಗಳಿಗೆ ಡಬ್ಲ್ಯೂಸಿಎಜಿ (ವೆಬ್ ಪುಟಗಳನ್ನು ಅಂಗವಿಕಲರೂ ಬಳಸುವಂತೆ ಮಾಡುವ ಮಾರ್ಗಸೂಚಿ) 2.1ರ ‘ಡಬಲ್ ಎ’ ಮಟ್ಟವೇ ಅಳತೆ. ಡಿಸ್ಟ್ರಿಕ್ಟ್‌ಗಳೂ ಇದರೊಳಗೇ ಬರುತ್ತವೆ. ಹೆಸರು ಭಾರ ಅನ್ನಿಸಿದರೂ ಸಿಬ್ಬಂದಿ ಮಾಡಬೇಕಾದ್ದು ಸುಲಭದ ಕೆಲಸ.

ಮೊದಲು ಬಣ್ಣ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್ (ಬೆಳಕಿನ ಅಂತರ) ಕನಿಷ್ಠ 4.5:1 ಇರಬೇಕು. ಶಾಲೆಯ ಬಣ್ಣ ಹಳದಿ ಎಂದು ಬಿಳಿ ಹಾಳೆಯ ಮೇಲೆ ಹಳದಿಯಲ್ಲಿ ಬರೆದರೆ ಅದು ಹೆಚ್ಚುಕಡಿಮೆ 1:1, ಅಂದರೆ ಕಾಣುವುದೇ ಇಲ್ಲ. ಅಚ್ಚ ಕೆಂಪು ಕೂಡ ಬಿಳಿಯ ಮೇಲೆ ಸುಮಾರು 4:1ಕ್ಕೇ ನಿಲ್ಲುತ್ತದೆ. ಕಡುನೀಲಿ ಆರಾಮಾಗಿ ಪಾಸಾಗುತ್ತದೆ. ಬಣ್ಣ ಹಾಕಿದರೆ ಅಳತೆ ಹೇಳುವ ಉಚಿತ ಪುಟಗಳು ಇಂಟರ್ನೆಟ್‌ನಲ್ಲಿ ಬೇಕಾದಷ್ಟಿವೆ.

ಎರಡನೆಯದು ಫ್ಲೈಯರ್, ಅಂದರೆ ಕರಪತ್ರ. ಕ್ಯಾನ್ವಾ ಎಂಬ ಡಿಸೈನ್ ಆ್ಯಪ್‌ನಲ್ಲಿ ಚಂದದ ಚಿತ್ರ ಮಾಡಿ ಇಮೇಲ್‌ನಲ್ಲಿ ಅದೊಂದನ್ನೇ ಅಂಟಿಸಿ ಕಳಿಸುವ ಅಭ್ಯಾಸ ಎಲ್ಲ ಶಾಲೆಗಳಲ್ಲೂ ಇದೆ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಅದು ಬರೀ ‘ಚಿತ್ರ’. ಬೇರೆ ಭಾಷೆಯವರು ಅನುವಾದದ ಬಟನ್ ಒತ್ತಿದರೆ ಒಳಗಿನ ಅಕ್ಷರ ಹಾಗೇ ಉಳಿಯುತ್ತದೆ. ದಿನಾಂಕ, ಸಮಯ, ಜಾಗ ಇಮೇಲ್‌ನ ಮೈಯಲ್ಲೇ ಟೈಪ್ ಮಾಡಿ, ಫ್ಲೈಯರ್ ಜೊತೆಗಿರಲಿ. ಸಹಿ ಹಾಕಿ ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಇದೇ ಜಾತಿ. ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಲಿಂಕ್ ಬದಲು ‘ಬಸ್ ಪಾಸ್ ಅರ್ಜಿ’ ಎಂದೇ ಬರೆಯಿರಿ.

ಭಾಷೆಯ ಬಗ್ಗೆ: ಬೇಕ್ ಸೇಲ್‌ಗೆ (ಹಣ ಕೂಡಿಸಲು ಮನೆಯ ಕೇಕ್, ಬಿಸ್ಕೆಟ್ ಮಾರುವುದು) ಯಂತ್ರಾನುವಾದ ಪರವಾಗಿಲ್ಲ. ಶಿಸ್ತುಕ್ರಮ, ಔಷಧಿ, ವಿಶೇಷ ಶಿಕ್ಷಣದ ಪತ್ರಗಳನ್ನು ಭಾಷೆ ಬಲ್ಲವರೊಬ್ಬರು ಓದಲೇಬೇಕು. ಪೋಷಕರ ಸಭೆಯಲ್ಲಿ ಮಗುವನ್ನೇ ದುಭಾಷಿ ಮಾಡಬೇಡಿ. ಕಷ್ಟದ ಸುದ್ದಿಯನ್ನು ಮಗು ತನಗೆ ಬೇಕಾದಂತೆ ಹೇಳುತ್ತದೆ, ಇಲ್ಲವೇ ಹೇಳಲಾಗದೆ ಒದ್ದಾಡುತ್ತದೆ.

5. ಫೋಟೋ: ಮಗುವಿನ ಮುಖಕ್ಕಿಂತ ಮೊದಲು ಹಿಂದಿನ ಗೋಡೆ ನೋಡಿ

ಮಕ್ಕಳ ಶೈಕ್ಷಣಿಕ ದಾಖಲೆಗಳನ್ನು ಕಾಯುವ ಕಾಯ್ದೆ ಫೆರ್ಪಾ, 1974ರದ್ದು. ಹೆಸರು, ಫೋಟೋದಂಥ ಕೆಲವನ್ನು ಡಿಸ್ಟ್ರಿಕ್ಟ್ ‘ಡೈರೆಕ್ಟರಿ ಮಾಹಿತಿ’ ಎಂದು ಘೋಷಿಸಿ ಪ್ರಕಟಿಸಬಹುದು. ಆದರೆ ಬೇಡ ಅನ್ನುವ ಹಕ್ಕು ಪೋಷಕರಿಗಿದೆ. ಹಾಗೆ ಬೇಡವೆಂದವರ ಪಟ್ಟಿ ಆಫೀಸಿನಲ್ಲಿರುತ್ತದೆ. ಪೋಸ್ಟ್ ಮಾಡುವ ಮುನ್ನ ನೋಡಿ, ಪ್ರತಿ ಸಲವೂ. ವರ್ಷದ ನಡುವೆ ಸೇರಿದ ಮಗುವಿನ ಹೆಸರು ನಿಮ್ಮ ಹಳೆಯ ಪ್ರಿಂಟ್‌ನಲ್ಲಿ ಇರುವುದಿಲ್ಲ. ಕೆಲವು ಮನೆಗಳಲ್ಲಿ ಇದು ಬರೀ ಇಷ್ಟಾನಿಷ್ಟದ ಮಾತಲ್ಲ. ಹಿಂಸೆಯಿಂದ ತಪ್ಪಿಸಿಕೊಂಡು ಬಂದ ತಾಯಿಗೆ, ಮಗು ಯಾವ ಶಾಲೆಯಲ್ಲಿದೆ ಎಂದು ಒಬ್ಬರಿಗೆ ಗೊತ್ತಾದರೂ ಅಪಾಯ.

ಈಗ ಒಂದು ಫೋಟೋ ಕಣ್ಣ ಮುಂದೆ ತಂದುಕೊಳ್ಳಿ. ಮೂವರು ಮಕ್ಕಳು ಜ್ವಾಲಾಮುಖಿಯ ಮಾದರಿ ಹಿಡಿದು ನಗುತ್ತಿದ್ದಾರೆ. ಮೂವರಿಗೂ ಒಪ್ಪಿಗೆ ಇದೆ. ಈಗ ಫೋಟೋವನ್ನು ದೊಡ್ಡದು ಮಾಡಿ. ಹಿಂದಿನ ಬೋರ್ಡ್‌ನಲ್ಲಿ ಓದುವ ಗುಂಪುಗಳ ಹೆಸರುಗಳಿವೆ, ಯಾರು ಹಿಂದುಳಿದಿದ್ದಾರೆ ಎಂದು ಯಾರಿಗಾದರೂ ತಿಳಿಯುತ್ತದೆ. ಸಿಂಕ್ ಪಕ್ಕ ಅಲರ್ಜಿ ಇರುವ ಮಕ್ಕಳ ಪಟ್ಟಿ ಅಂಟಿಸಿದೆ. ಟೀಚರ್ ಲ್ಯಾಪ್‌ಟಾಪ್ ತೆರೆದಿದೆ, ಪರದೆ ಮೇಲೆ ಮಕ್ಕಳ ಅಂಕಗಳ ಗ್ರೇಡ್‌ಬುಕ್. ಮೂಲೆಯಲ್ಲಿ ನಾಲ್ಕನೇ ಮಗುವಿನ ಅರ್ಧ ಮುಖ. ಹೀಗಾದರೆ ಫೋಟೋ ಕತ್ತರಿಸಿ, ಇಲ್ಲ ಬಿಟ್ಟುಬಿಡಿ.

ಫೋಟೋ ಬೇಡವೆಂದವರ ಪಟ್ಟಿಯಲ್ಲಿರುವ ಮಗುವಿನ ಮುಖಕ್ಕೆ ಇಮೋಜಿ ಅಂಟಿಸುವುದು ನನಗೆ ಹಿಡಿಸದು. ಮಗು ಎದ್ದು ಕಾಣುತ್ತದೆ, ಗೆಳೆಯರು ಕೇಳುತ್ತಾರೆ. ಬದಲಿಗೆ ಆ ಮಗುವಿಗೇ ಕ್ಯಾಮೆರಾ ಕೊಟ್ಟು ಫೋಟೋ ತೆಗೆಸಿ. ಪೋಸ್ಟ್‌ನಲ್ಲಿ ಪೂರ್ತಿ ಹೆಸರು ಹಾಕುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಮೊಬೈಲ್ ಫೋಟೋ ಫೈಲ್‌ನೊಳಗೆ ತೆಗೆದ ಜಾಗದ ವಿವರವೂ ಕೂತಿರಬಹುದು, ಲೊಕೇಷನ್ ಆಫ್ ಮಾಡಿ.

6. ಸೋಷಿಯಲ್ ಮೀಡಿಯಾ: ನಿಮ್ಮದು ಬೇರೆ, ಶಾಲೆಯದು ಬೇರೆ

ಸ್ವಂತ ಪೇಜ್‌ನಲ್ಲಿ ಮನೆಯ ನಾಯಿ, ಪ್ರವಾಸದ ಜೊತೆ ಶಾಲೆಯ ಪ್ರಕಟಣೆಯನ್ನೂ ಹಾಕುವವರಿದ್ದಾರೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ಲಿಂಡ್ಕೆ ವರ್ಸಸ್ ಫ್ರೀಡ್’ ಪ್ರಕರಣದಲ್ಲಿ, ಇಂಥ ಪೋಸ್ಟ್ ಯಾವಾಗ ಸರ್ಕಾರದ ಮಾತಾಗುತ್ತದೆ ಎಂಬುದಕ್ಕೆ ಅಳತೆಗೋಲು ಕೊಟ್ಟಿತು. ಸರ್ಕಾರದ ಪರ ಮಾತಾಡುವ ನಿಜವಾದ ಅಧಿಕಾರ ಆ ವ್ಯಕ್ತಿಗೆ ಇತ್ತೇ? ಆ ಪೋಸ್ಟ್‌ನಲ್ಲಿ ಅದೇ ಅಧಿಕಾರದಲ್ಲಿ ಮಾತಾಡಿದರೇ? ಎರಡಕ್ಕೂ ಹೌದು ಅಂದರೆ ಕಮೆಂಟ್ ಅಳಿಸುವುದು, ಬ್ಲಾಕ್ ಮಾಡುವುದು ವಾಕ್ ಸ್ವಾತಂತ್ರ್ಯದ ಪ್ರಶ್ನೆ ಆಗಬಹುದು. ಇದರ ಜೊತೆಗೇ ಕೋರ್ಟ್ ಮುಂದಿದ್ದ ಇನ್ನೊಂದು ಪ್ರಕರಣ ಕ್ಯಾಲಿಫೋರ್ನಿಯಾದ ಪೋವೇ ಯೂನಿಫೈಡ್ ಡಿಸ್ಟ್ರಿಕ್ಟ್‌ನ ಬೋರ್ಡ್ ಸದಸ್ಯರದ್ದೇ. ಕಮೆಂಟ್ ಸಿಟ್ಟು ಬರಿಸಿದರೆ ಬ್ಲಾಕ್ ಬಟನ್‌ಗೆ ಕೈ ಹಾಕಬೇಡಿ, ಕಮ್ಯುನಿಕೇಷನ್ಸ್ ಆಫೀಸಿಗೆ ತಿಳಿಸಿ.

ಶಾಲೆಯ ಖಾತೆ ಡಿಸ್ಟ್ರಿಕ್ಟ್ ಇಮೇಲ್‌ನಲ್ಲೇ ಇರಲಿ, ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ. ಕೋಚ್ ಬೇರೆ ಊರಿಗೆ ಹೋದ ಮೇಲೆ ಯಾರ ಕೈಗೂ ಸಿಗದ ಪೇಜ್‌ಗಳು ಬೇಕಾದಷ್ಟಿವೆ. ಬಾಂಡ್ ಮತದಾನದ (ಡಿಸ್ಟ್ರಿಕ್ಟ್ ಸಾಲ ಎತ್ತಲು ಜನರ ಒಪ್ಪಿಗೆ ಕೇಳುವ ಮತದಾನ) ಸಮಯದಲ್ಲಿ ಎಷ್ಟು ಹಣ, ಯಾವುದಕ್ಕೆ ಎಂದು ಹೇಳಬಹುದು. ‘ಮತ ಹಾಕಿ ಗೆಲ್ಲಿಸಿ’ ಎಂದು ಡಿಸ್ಟ್ರಿಕ್ಟ್ ಇಮೇಲ್‌ನಿಂದ ಕೇಳುವಂತಿಲ್ಲ. ಯಾವುದಕ್ಕೂ ನಿಮ್ಮ ರಾಜ್ಯದ ನಿಯಮ ಕೇಳಿಕೊಳ್ಳಿ.

7. ತುರ್ತು ಸಮಯಕ್ಕೆ ಈಗಲೇ ಬರೆದಿಡಿ

ತುಂಬಾ ಶಾಲೆಗಳು ‘ಸ್ಟ್ಯಾಂಡರ್ಡ್ ರೆಸ್ಪಾನ್ಸ್ ಪ್ರೋಟೋಕಾಲ್’ ಎಂಬ ತುರ್ತು ಕ್ರಮ ಬಳಸುತ್ತವೆ. ಅದರಲ್ಲಿ ಐದೇ ಆದೇಶ: ಹೋಲ್ಡ್ (ತರಗತಿಯಲ್ಲೇ ಇರಿ), ಸೆಕ್ಯೂರ್, ಲಾಕ್‌ಡೌನ್, ಇವ್ಯಾಕ್ಯುಯೇಟ್ (ಜಾಗ ಖಾಲಿ ಮಾಡಿ), ಶೆಲ್ಟರ್ (ಆಸರೆ ಪಡೆಯಿರಿ). ಸೆಕ್ಯೂರ್ ಅಂದರೆ ಅಪಾಯ ಹೊರಗಿದೆ, ಬಾಗಿಲು ಹಾಕಿ ಒಳಗೆ ಪಾಠ ನಡೆಯುತ್ತಿದೆ. ಲಾಕ್‌ಡೌನ್ ಅಂದರೆ ಅಪಾಯ ಒಳಗೇ ಇರಬಹುದು. ಇವೆರಡನ್ನು ಅದಲುಬದಲು ಮಾಡಿದ ಒಂದು ಎಸ್‌ಎಂಎಸ್ ನೂರಾರು ಪೋಷಕರನ್ನು ಶಾಲೆಯ ಗೇಟಿಗೆ ಓಡಿಸುತ್ತದೆ, ಪೊಲೀಸ್ ಗಾಡಿಗೆ ದಾರಿ ಇರುವುದಿಲ್ಲ. ಆದ್ದರಿಂದ ಪ್ರತಿಯೊಂದಕ್ಕೂ ಖಾಲಿ ಜಾಗ ಬಿಟ್ಟ ಕರಡು ತಯಾರಿರಲಿ. ಉದಾಹರಣೆಗೆ:

‘ಬೆಳಿಗ್ಗೆ 10:15: ಶಾಲೆ ಸೆಕ್ಯೂರ್ ಸ್ಥಿತಿಯಲ್ಲಿದೆ. ಹತ್ತಿರದಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯುತ್ತಿದೆ. ಮಕ್ಕಳು ಒಳಗಿದ್ದಾರೆ, ಪಾಠ ನಡೆಯುತ್ತಿದೆ. ದಯವಿಟ್ಟು ಈಗ ಶಾಲೆಗೆ ಬರಬೇಡಿ. ಮುಂದಿನ ಸಂದೇಶ 10:45ಕ್ಕೆ.’

10:45ಕ್ಕೆ ಹೊಸ ಸುದ್ದಿ ಇರದಿದ್ದರೂ ಕಳಿಸಿ, ‘ಸ್ಥಿತಿ ಹಾಗೇ ಇದೆ’ ಎಂದಾದರೂ. ಏಕೆ ಹೀಗಾಯಿತು, ಯಾರು ಮಾಡಿದರು ಎಂಬ ಊಹೆ ಬೇಡ. ಮಗುವಿನ ಹೆಸರು, ಸುಳಿವು ಕೊಡುವ ತರಗತಿಯ ಹೆಸರು ಕೂಡ ಬೇಡ. ಪೋಷಕರಿಗೆ ಹೋಗುವ ಸಂದೇಶ ಒಂದು ನಿಮಿಷ ಮೊದಲಾದರೂ ಸಿಬ್ಬಂದಿಗೆ ಸಿಗಬೇಕು, ಫೋನ್ ಎತ್ತಬೇಕಾದವರು ಅವರೇ. ಎಲ್ಲ ಮುಗಿದ ಮೇಲೆ ಮುಗಿಯಿತು ಎಂದೂ ಹೇಳಿ. ಅದನ್ನು ಮರೆಯುವವರೇ ಜಾಸ್ತಿ.

ಈ ಗಡಿಬಿಡಿಯಲ್ಲಿ ಮೊದಲೇ ಟೈಮ್ ಇಟ್ಟು ಶೆಡ್ಯೂಲ್ ಮಾಡಿದ ಪೋಸ್ಟ್‌ಗಳನ್ನು ನಿಲ್ಲಿಸಲು ಒಬ್ಬರನ್ನು ನೇಮಿಸಿ. ಇಲ್ಲದಿದ್ದರೆ ಮಕ್ಕಳು ಬಾಗಿಲು ಹಾಕಿಕೊಂಡು ಕೂತಿರುವಾಗಲೇ ‘ನಾಳೆ ಪೈಜಾಮಾ ಡೇ!’ ಎಂಬ ಪೋಸ್ಟ್ ತಾನಾಗಿ ಹೋಗುತ್ತದೆ.