ಜಿಪ್ಸಿಗೆ ವಿಂಚ್ ಬಂಪರ್ ಕಟ್ಟಿದ ನನ್ನ ಅನುಭವ

ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವ ಮೋಟರ್ ಯಂತ್ರವೇ ವಿಂಚ್. 9,500 ಪೌಂಡಿನ ವಿಂಚ್ ಪೂರ್ತಿ ಶಕ್ತಿಯಲ್ಲಿ ಎಳೆದಾಗ ಬಂಪರಿನ ಮೇಲೆ ಬೀಳುವ ಜಗ್ಗು ಸುಮಾರು 4,300 ಕೆ.ಜಿ. ಮಾರುತಿ ಜಿಪ್ಸಿಯ ತೂಕವೇ ಹೆಚ್ಚುಕಡಿಮೆ ಒಂದು ಟನ್. ಹಗ್ಗವನ್ನು ಮರಕ್ಕೆ ಕಟ್ಟಿದ ರಾಟೆ, ಅಂದರೆ ಸ್ನ್ಯಾಚ್ ಬ್ಲಾಕ್‌ನಲ್ಲಿ ಹಾಯಿಸಿ, ಕೊಕ್ಕೆಯನ್ನು ಮತ್ತೆ ನಮ್ಮದೇ ಬಂಪರಿನ ದಪ್ಪ ಕೊಂಡಿ, ಅಂದರೆ ಡಿ-ಶ್ಯಾಕಲ್‌ಗೆ ತಂದು ಸಿಕ್ಕಿಸಿದರೆ ಚಾಸಿಸ್ ಮೇಲಿನ ಒಟ್ಟು ಎಳೆತ ಅದರ ಎರಡರಷ್ಟಾಗುತ್ತದೆ. ಆದ್ದರಿಂದ ಆಕಾರ, ಲೈಟು, ಬಣ್ಣ ಎಲ್ಲ ಆಮೇಲೆ. ಈ ಎಳೆತ ವಿಂಚ್‌ನಿಂದ, ಡಿ-ಶ್ಯಾಕಲ್‌ನಿಂದ ಹೊರಟು ಚಾಸಿಸ್ ತಲುಪುವ ತನಕ ಯಾವ ಪ್ಲೇಟು, ಯಾವ ವೆಲ್ಡು, ಯಾವ ಬೋಲ್ಟು ದಾಟುತ್ತದೆ ಎಂದು ನಾನು ಮೊದಲು ಕಾಗದದ ಮೇಲೆ ಬರೆದುಕೊಂಡೆ. ಆ ದಾರಿಯಲ್ಲಿ ಬರುವ ಭಾಗಗಳಿಗೆ ದಪ್ಪ ಕಬ್ಬಿಣ, ಉಳಿದದ್ದಕ್ಕೆಲ್ಲ ತೆಳು ಕಬ್ಬಿಣ. ಕೆಳಗಿನ ಅಳತೆಗಳೆಲ್ಲ ಈ ಒಂದು ಲೆಕ್ಕದಿಂದ ಹುಟ್ಟಿದವು.

ಕಾನೂನಿನ ಮಾತು ಮೊದಲೇ ಆಗಿಬಿಡಲಿ. ಗಾಡಿಗೆ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕುವುದು ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ಕ್ಕೆ ವಿರುದ್ಧ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ಎಲ್ಲ ರಾಜ್ಯಗಳಿಗೂ ಬರೆದಿದೆ. ಕಾರಣ ಸರಿಯಾದದ್ದೇ: ಗಟ್ಟಿ ಕಬ್ಬಿಣ ತಗುಲಿದರೆ ನಡೆದು ಹೋಗುವವರು ಉಳಿಯುವುದು ಕಷ್ಟ. ನಾನು ಕಟ್ಟಿದ್ದು ಎಸ್ಟೇಟ್ ಒಳಗೆ ಮತ್ತು ಆಫ್‌ರೋಡ್ ಸ್ಪರ್ಧೆಯ ಟ್ರ್ಯಾಕಿನಲ್ಲಿ ಓಡುವ ಗಾಡಿಗೆ. ಅದು ಅಲ್ಲಿಗೆ ಹೋಗುವುದು ಲಾರಿಯ ಮೇಲೆ. ಏರ್‌ಬ್ಯಾಗ್ ಇರುವ ಹೊಸ ಗಾಡಿಗಳಿಗೆ ಈ ವಿಧಾನ ಬೇಡವೇ ಬೇಡ. ಮುಂಭಾಗ ಎಷ್ಟು ಕುಸಿಯಬೇಕು, ಸೆನ್ಸರ್ ಯಾವ ಗಳಿಗೆಯಲ್ಲಿ ಏರ್‌ಬ್ಯಾಗ್ ಬಿಡಬೇಕು ಎಂಬ ಕಾರ್ಖಾನೆಯ ಲೆಕ್ಕವನ್ನು ಕಬ್ಬಿಣದ ಬಂಪರ್ ಕೆಡಿಸಿಬಿಡುತ್ತದೆ. ಜಿಪ್ಸಿಗೆ ಏರ್‌ಬ್ಯಾಗ್ ಇಲ್ಲ, ಏಣಿಯಂಥ ಚಾಸಿಸ್ ಇದೆ. ಅದಕ್ಕೇ ಅದನ್ನು ಆರಿಸಿದೆ.

ಅಳತೆ ತೆಗೆಯುವಾಗ ಜಿಪ್ಸಿಯಲ್ಲಿ ಮೂರು ಜಾಗ ಮೋಸ ಮಾಡುತ್ತವೆ. ಒಂದನೆಯದು ಲೀಫ್ ಸ್ಪ್ರಿಂಗ್‌ನ ಶ್ಯಾಕಲ್, ಅಂದರೆ ಸ್ಪ್ರಿಂಗ್ ತುದಿಯನ್ನು ಚಾಸಿಸ್‌ಗೆ ಸೇರಿಸುವ ಓಲಾಡುವ ಕೊಂಡಿ; ಎಳೆಯಲು ಬಳಸುವ ಡಿ-ಶ್ಯಾಕಲ್ ಬೇರೆ. ಜಿಪ್ಸಿಯ ಮುಂದಿನ ಸ್ಪ್ರಿಂಗ್‌ಗೆ ಶ್ಯಾಕಲ್ ಇರುವುದು ಮುಂತುದಿಯಲ್ಲಿ, ಅಂದರೆ ಬಂಪರಿನ ಬೆನ್ನಿಗೇ. ಸ್ಪ್ರಿಂಗ್ ಅದುಮಿ ಚಪ್ಪಟೆಯಾದಂತೆ ಉದ್ದವಾಗುತ್ತದೆ, ಶ್ಯಾಕಲ್ ಮುಂದಕ್ಕೆ ಬೀಸುತ್ತದೆ. ಗಾಡಿ ಸಮನಾಗಿ ನಿಂತಾಗ ಸಾಕಷ್ಟು ಜಾಗ ಕಂಡರೂ ಗುಂಡಿಗೆ ಬಿದ್ದಾಗ ಶ್ಯಾಕಲ್ ಬ್ರಾಕೆಟ್‌ಗೆ ಬಡಿಯುತ್ತದೆ. ಒಂದು ಪಕ್ಕದ ಹಿಂಚಕ್ರದ ಕೆಳಗೆ ಜಾಕ್ ಕೊಟ್ಟು ಎತ್ತಿ, ಎದುರು ಪಕ್ಕದ ಮುಂದಿನ ಸ್ಪ್ರಿಂಗ್ ಬಂಪ್ ಸ್ಟಾಪ್ (ಸ್ಪ್ರಿಂಗ್ ಇನ್ನೂ ಅದುಮದಂತೆ ತಡೆಯುವ ರಬ್ಬರ್) ಮುಟ್ಟುವಂತೆ ಮಾಡಿ, ಆ ಸ್ಥಿತಿಯಲ್ಲಿ ಅಳೆಯಬೇಕು. ಅಲ್ಲಿಂದಾಚೆ 25 ಮಿ.ಮೀ. ಬಿಟ್ಟೆ. ಎರಡನೆಯದು ಟೈರು: ಅದೇ ಸ್ಥಿತಿಯಲ್ಲಿ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಬಂಪರಿನ ರೆಕ್ಕೆಗೂ ಟೈರಿಗೂ ನಡುವೆ 50 ಮಿ.ಮೀ. ಉಳಿಸಿಕೊಂಡೆ. ಕೆಸರು ಮೆತ್ತಿದ ಟೈರು ದಪ್ಪವಾಗುತ್ತದೆ ಎಂಬುದನ್ನು ಮರೆಯಬಾರದು. ಮೂರನೆಯದು ಬಾಡಿ. ಬಾಡಿ ಕೂತಿರುವುದು ರಬ್ಬರ್ ಮೌಂಟ್ ಮೇಲೆ, ಬಂಪರ್ ಕೂರುವುದು ಚಾಸಿಸ್ ಮೇಲೆ. ಚಾಸಿಸ್ ತಿರುಚಿದಾಗ ಎರಡೂ ಬೇರೆ ಬೇರೆ ಅಲ್ಲಾಡುತ್ತವೆ. ಗ್ರಿಲ್‌ಗೆ, ಮಡ್‌ಗಾರ್ಡ್‌ಗೆ ಅಂಟಿದಂತೆ ಕೂರಿಸಿದರೆ ನೋಡಲು ಚೆಂದ, ಆದರೆ ಮೊದಲ ಓಟದಲ್ಲೇ ಮಡ್‌ಗಾರ್ಡ್ ನೆಗ್ಗುತ್ತದೆ. 15ರಿಂದ 20 ಮಿ.ಮೀ. ಸಂದು ಬೇಕೇ ಬೇಕು.

ಕಬ್ಬಿಣ ಕತ್ತರಿಸುವ ಮೊದಲು ರಟ್ಟಿನಲ್ಲಿ ಇಡೀ ಬಂಪರ್ ಮಾಡಿದೆ. ಫ್ರಿಜ್ ಬಂದ ಪೆಟ್ಟಿಗೆಯ ರಟ್ಟು ಸಾಕು, ಅಂಟುಪಟ್ಟಿಯಲ್ಲಿ ಜೋಡಿಸಿ ಗಾಡಿಗೆ ಕಟ್ಟಿ ನೋಡಬಹುದು. ಉದ್ದನೆಯ ಹಲಗೆಯೊಂದನ್ನು ಮುಂದಿನ ಟೈರಿನ ಕೆಳಗಿನಿಂದ ಬಂಪರಿನ ಕೆಳ ಅಂಚಿಗೆ ಒರಗಿಸಿ, ಅದರ ಮೇಲೆ ಫೋನಿನ ಕೋನಮಾಪಕ ಇಟ್ಟರೆ ಎಷ್ಟು ಕಡಿದಾದ ದಿಬ್ಬವನ್ನು ಮೂತಿ ತಗುಲದೆ ಹತ್ತಬಹುದು ಎಂದು ತಿಳಿಯುತ್ತದೆ. ಮೂಲ ಬಂಪರ್ ಇರುವಾಗಲೂ ಇದೇ ಅಳತೆ ತೆಗೆದಿಟ್ಟುಕೊಳ್ಳಿ. ಹೊಸದು ಅದಕ್ಕಿಂತ ಕಡಿಮೆ ಬಂದರೆ ಆ ವಿನ್ಯಾಸ ಬಿಡಬೇಕು. ನಾನು ಮಧ್ಯಭಾಗ 700 ಮಿ.ಮೀ. ಅಗಲ, 230 ಎತ್ತರ ಇಟ್ಟೆ. ಎರಡು ರೆಕ್ಕೆಗಳು ಹಿಂದಕ್ಕೆ 20 ಡಿಗ್ರಿ ಬಾಗಿ, ತುದಿಗೆ ಹೋದಂತೆ ಕೆಳ ಅಂಚು ಮೇಲೇರಿ 150 ಮಿ.ಮೀ. ಎತ್ತರಕ್ಕೆ ಮುಗಿಯುತ್ತವೆ. ಇದರಿಂದ ದಿಬ್ಬಕ್ಕೆ ಮೊದಲು ತಗುಲುವುದು ಟೈರು.

ಕಬ್ಬಿಣ ಐಎಸ್ 2062 ಇ250, ಎಲ್ಲ ಊರಿನ ಸ್ಟೀಲ್ ಅಂಗಡಿಯಲ್ಲೂ ಸಿಗುವ ಎಂಎಸ್ ಪ್ಲೇಟ್. ಮುಖಕ್ಕೆ 4 ಮಿ.ಮೀ., ಮೇಲಿನ ಕೆಳಗಿನ ಮಡಿಕೆಗಳಿಗೆ 3, ವಿಂಚ್ ತಟ್ಟೆಗೆ 6, ಚಾಸಿಸ್ ಬ್ರಾಕೆಟ್‌ಗೆ 8, ಡಿ-ಶ್ಯಾಕಲ್ ಸಿಕ್ಕಿಸುವ ತೂತಿನ ಪ್ಲೇಟುಗಳಿಗೆ, ಅಂದರೆ ಕಿವಿಗಳಿಗೆ, 20. ರೇಡಿಯೇಟರ್ ಮುಂದಿನ ತಗ್ಗು ಕಮಾನಿಗೆ 42.4 ಮಿ.ಮೀ. ಹೊರವ್ಯಾಸದ, 3.2 ದಪ್ಪದ ಕರಿ ಪೈಪ್, 1.2 ಮೀಟರ್. ಜಿಐ ಪೈಪ್ ಬೇಡ. ವೆಲ್ಡ್ ಮಾಡುವಾಗ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ವೆಲ್ಡೂ ತೂತುತೂತಾಗುತ್ತದೆ. ಒಟ್ಟು ತೂಕ 35 ಕೆ.ಜಿ. ಸುಮಾರು. ಮುಖ, ಮಡಿಕೆ ಎಲ್ಲವನ್ನೂ 6 ಮಿ.ಮೀ.ನಲ್ಲೇ ಮಾಡಿ ಎಂದು ವೆಲ್ಡಿಂಗ್ ಅಂಗಡಿಯವರು ಒತ್ತಾಯಿಸುತ್ತಾರೆ. ಹಾಗೆ ಮಾಡಿದರೆ ಇನ್ನೂ 11 ಕೆ.ಜಿ. ಸೇರುತ್ತದೆ, ಎಳೆತ ತಡೆಯುವ ಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ, ಏಕೆಂದರೆ ಎಳೆತದ ದಾರಿಯಲ್ಲಿ ಆ ಪ್ಲೇಟುಗಳೇ ಇಲ್ಲ.

ತೂಕದ ವಿಷಯದಲ್ಲಿ ನಾನು ಜಿಪುಣ. ಕಾರಣ ಇದು: ಬಂಪರ್ 35, ಸಿಂಥೆಟಿಕ್ ಹಗ್ಗದ ವಿಂಚ್ 30, ಒಟ್ಟು 65 ಕೆ.ಜಿ. ಮುಂದಿನ ಆಕ್ಸಲ್‌ಗಿಂತ ಸುಮಾರು 550 ಮಿ.ಮೀ. ಮುಂದೆ ತೂಗುತ್ತದೆ. ಜಿಪ್ಸಿಯ ವೀಲ್‌ಬೇಸ್ 2,375 ಮಿ.ಮೀ. ಲೆಕ್ಕ ಹಾಕಿದರೆ ಮುಂದಿನ ಆಕ್ಸಲ್ ಮೇಲೆ ಸೇರುವುದು 65 ಅಲ್ಲ, 80 ಕೆ.ಜಿ.; ಹಿಂದಿನ ಆಕ್ಸಲ್‌ನಿಂದ 15 ಕೆ.ಜಿ. ಮೇಲೆದ್ದುಬಿಡುತ್ತದೆ. ಅಷ್ಟು ಹಗುರ ಗಾಡಿಯಲ್ಲಿ ಇಳಿಜಾರಿನ ಬ್ರೇಕಿಂಗ್‌ಗೆ ಇದು ಗೊತ್ತಾಗುತ್ತದೆ.

ಇನ್ನು ಚಾಸಿಸ್ ಜೋಡಣೆ. ಇಡೀ ಕೆಲಸದ ಜೀವ ಇಲ್ಲಿದೆ. ಮೂಲ ಬಂಪರಿನ ತೂತುಗಳು ಹಗುರವಾದ ಬಂಪರ್ ಹೊರಲು ಇರುವಂಥವು. ವಿಂಚ್ ಎಳೆತಕ್ಕೆ ಅವನ್ನಷ್ಟೇ ನಂಬಬಾರದು. ಪ್ರತಿ ಪಕ್ಕದಲ್ಲೂ ಚಾಸಿಸ್ ಹಳಿಯ ಹೊರಮೈಗೆ 250 ಉದ್ದ, 120 ಎತ್ತರದ 8 ಮಿ.ಮೀ. ಪ್ಲೇಟ್ ಹಚ್ಚಿ, ಆರು ಎಂ12 8.8 ಗ್ರೇಡ್ ಬೋಲ್ಟ್ ಅಡ್ಡಡ್ಡ ಹಾಯಿಸಿದೆ. ಇಂಥ ಒಂದು ಬೋಲ್ಟ್ ಕತ್ತರಿಸಿಹೋಗಲು ಸುಮಾರು 4 ಟನ್ ಬೇಕು, ಆದ್ದರಿಂದ ಬೋಲ್ಟಿನ ಚಿಂತೆ ಇಲ್ಲ. ಸೋಲುವುದು ಚಾಸಿಸ್ಸಿನ ತೆಳು ತಗಡು: ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಬೋಲ್ಟುಗಳ ಸಂಖ್ಯೆ ಹೆಚ್ಚಿಸಿದ್ದು ಅದಕ್ಕೆ. ಡಬ್ಬಿಯಂಥ ಹಳಿಯೊಳಗೆ ಪ್ರತಿ ಬೋಲ್ಟಿಗೂ ದಪ್ಪ ಗೋಡೆಯ ಪೈಪ್ ತುಂಡು, ಅಂದರೆ ಸ್ಲೀವ್, ಇರಬೇಕು. ಅದಿಲ್ಲದೆ ಬಿಗಿದರೆ ಹಳಿ ಒಳಗೆ ನೆಗ್ಗುತ್ತದೆ, ನಾಳೆ ಬೋಲ್ಟ್ ಸಡಿಲ. ಎರಡೂ ಪಕ್ಕ ಅರ್ಧರ್ಧ ಹೊರುತ್ತವೆ ಎಂದು ಲೆಕ್ಕ ಹಾಕಬೇಡಿ. ಓರೆಯಾಗಿ ಎಳೆದಾಗ ಹೆಚ್ಚಿನ ಭಾರ ಒಂದೇ ಹಳಿಗೆ ಬೀಳುತ್ತದೆ. ಒಂದೊಂದು ಪಕ್ಕವೂ ಪೂರ್ತಿ ಭಾರ ತಡೆಯಬೇಕು. ತೂತುಗಳನ್ನು ಡ್ರಿಲ್‌ನಲ್ಲಿ 13 ಮಿ.ಮೀ.ಗೆ ಕೊರೆಯಬೇಕು, ಗ್ಯಾಸ್ ಕಟಿಂಗ್ ತೂತು ಬೇಡ. ಹಳಿಗೆ ವೆಲ್ಡ್ ಮಾಡಲಿಲ್ಲ. ವೆಲ್ಡಿನ ಕಾವಿಗೆ ಸಿಕ್ಕ ತಗಡು ಅದರ ಅಂಚಿನಲ್ಲೇ ಬಿರುಕು ಬಿಡುತ್ತದೆ.

ಡಿ-ಶ್ಯಾಕಲ್ ಮುಕ್ಕಾಲು ಇಂಚಿನದು, 4.75 ಟನ್ ಗುರುತಿನದು. ಅದರ ಪಿನ್ 22 ಮಿ.ಮೀ., ಬಾಯಿ 32. ಅದಕ್ಕೆ ಕಿವಿ 20 ಮಿ.ಮೀ. ದಪ್ಪ, ತೂತು 24, ತೂತಿನ ಸುತ್ತ ಕನಿಷ್ಠ 28 ಮಿ.ಮೀ. ಕಬ್ಬಿಣ. ಕಿವಿಯನ್ನು ಮುಖದ ಪ್ಲೇಟಿನ ಮೇಲೆ ಅಂಟಿಸಿ ವೆಲ್ಡ್ ಮಾಡಿದ ಬಂಪರುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ; ಜಗ್ಗಿದರೆ 4 ಮಿ.ಮೀ. ಮುಖ ಕಿತ್ತುಕೊಂಡು ಬರುತ್ತದೆ, ಹಾಗೆ ಹಾರಿದ ಶ್ಯಾಕಲ್ ಜೀವ ತೆಗೆಯುತ್ತದೆ. ನಾನು ಮುಖದಲ್ಲಿ ಸೀಳು ಕೊಯ್ದು, ಕಿವಿಯನ್ನು ಒಳಕ್ಕೆ ತೂರಿಸಿ, ಹಿಂದಿನ 8 ಮಿ.ಮೀ. ಬ್ರಾಕೆಟ್ ಜೊತೆ 100 ಮಿ.ಮೀ. ಉದ್ದ ಮೇಲಿಂದಲೂ ಕೆಳಗಿಂದಲೂ ವೆಲ್ಡ್ ಮಾಡಿದೆ. ಮುಖದ ಪ್ಲೇಟ್ ಅಲ್ಲಿ ಬರೀ ಹೊದಿಕೆ.

ವಿಂಚ್ ತಟ್ಟೆಯ ತೂತುಗಳು 254 ಅಡ್ಡ, 114.3 ಉದ್ದ, ಈ ವರ್ಗದ ಹೆಚ್ಚಿನ ವಿಂಚ್‌ಗಳಿಗೆ ಇದೇ ಅಳತೆ. ಹಗ್ಗ ಹೊರಬರುವ ಬಾಯಿಗೆ ಕೂರಿಸುವ ಫೇರ್‌ಲೀಡ್‌ನ ಎರಡು ತೂತುಗಳ ಅಂತರವೂ 254. ಹಗ್ಗ ಹೊರಡುವುದು ಡ್ರಮ್‌ನ ಕೆಳಬದಿಯಿಂದ, ಆದ್ದರಿಂದ ಮುಖದ ಕಿಂಡಿ ಆ ಮಟ್ಟಕ್ಕೆ ಬರಬೇಕು, ಡ್ರಮ್‌ನ ನಡುವಿಗಲ್ಲ. ಬಹಳ ಜನ ಎಡವುವುದು ವಿಂಚ್‌ನ ಡ್ರಮ್ ಬಿಡಿಸುವ ಕ್ಲಚ್ ಹಿಡಿಯಲ್ಲಿ: ಮೇಲಿನ ಮಡಿಕೆ ಮುಚ್ಚಿದ ಮೇಲೆ ಅದಕ್ಕೆ ಕೈ ಹೋಗುವುದಿಲ್ಲ. ಗ್ಲೌಸ್ ಹಾಕಿದ ಕೈ ತೂರುವಷ್ಟು ಕಿಂಡಿ ಬಿಡಿ. ವಿಂಚ್ ಮೇಲ್ತುದಿ ಗ್ರಿಲ್‌ನ ಕೆಳ ಅಂಚು ದಾಟಬಾರದು, ದಾಟಿದರೆ ರೇಡಿಯೇಟರ್‌ಗೆ ಗಾಳಿ ಕಡಿಮೆ. ತಟ್ಟೆ ಸಪಾಟಾಗಿರುವುದು ಮುಖ್ಯ. ವೆಲ್ಡಿನ ಕಾವಿಗೆ ಅದು ಕುಣಿಯಾದರೆ ವಿಂಚ್‌ನ ಎರಡು ತುದಿಗಳು ಓರೆಯಾಗಿ ಡ್ರಮ್ ಹಿಡಿದುಕೊಳ್ಳುತ್ತದೆ, ಮೋಟರ್ ಸುಮ್ಮನೆ ಬಿಸಿಯಾಗುತ್ತದೆ. ನೇರ ಪಟ್ಟಿ ಇಟ್ಟು ನೋಡಿ ಅರ್ಧ ಮಿ.ಮೀ. ಒಳಗೆ ತಂದೆ.

ಮುಖ ಬಾಗಿಸಲು ಪ್ರೆಸ್ ಬೇಕಿಲ್ಲ. 1 ಮಿ.ಮೀ. ಕಟಿಂಗ್ ಚಕ್ರದಲ್ಲಿ ಹೊರಮೈಯಲ್ಲಿ 2.5 ಮಿ.ಮೀ. ಆಳ ಗೀರಿ, ಒಳಕ್ಕೆ ಬಗ್ಗಿಸಿದರೆ ಗೀರು ತೆರೆದುಕೊಳ್ಳುತ್ತದೆ. ಅದನ್ನು ವೆಲ್ಡ್‌ನಿಂದ ತುಂಬಿ ಗ್ರೈಂಡ್ ಮಾಡಬೇಕು.

ಗಾಡಿಯ ಮೇಲೆ ಬರೀ ಟ್ಯಾಕ್, ಅಂದರೆ ಚುಕ್ಕೆ ವೆಲ್ಡ್, ಮಾತ್ರ. ಅದಕ್ಕೂ ಮೊದಲು ಬ್ಯಾಟರಿ ಮತ್ತು ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರ್ ಬಿಚ್ಚಿ, ಅರ್ತ್ ಕ್ಲ್ಯಾಂಪನ್ನು ಟ್ಯಾಕ್ ಪಕ್ಕದಲ್ಲೇ ಕಚ್ಚಿಸಬೇಕು. 50 ಮಿ.ಮೀ.ಗೊಂದು ಟ್ಯಾಕ್ ಆದ ಮೇಲೆ ಎರಡು ಬ್ರಾಕೆಟ್‌ಗಳ ಹಿಂತುದಿಗಳ ನಡುವೆ ಆಂಗಲ್ ತುಂಡೊಂದನ್ನು ತಾತ್ಕಾಲಿಕವಾಗಿ ಅಡ್ಡ ಹಾಕಿ ಆಮೇಲೆ ಇಳಿಸಿ. ಆ ಆಂಗಲ್ ಇಲ್ಲದೆ ವೆಲ್ಡ್ ಮಾಡಿದರೆ ಬ್ರಾಕೆಟ್‌ಗಳು ಮೂರ್ನಾಲ್ಕು ಮಿ.ಮೀ. ಒಳಗೆ ಎಳೆದುಕೊಂಡು, ಮರಳಿ ಹಾಕುವಾಗ ಚಾಸಿಸ್‌ಗೆ ಕೂರುವುದೇ ಇಲ್ಲ. ತೆಳು ಪ್ಲೇಟುಗಳಿಗೆ ಸಿಒ2 ಮಷಿನ್, ಇಆರ್70ಎಸ್-6 ತಂತಿ. ಒಮ್ಮೆಗೆ 40 ಮಿ.ಮೀ. ಎಳೆದು ಎದುರು ತುದಿಗೆ ಹೋಗುವುದು. ಬ್ರಾಕೆಟ್ ಮತ್ತು ಕಿವಿಗಳಿಗೆ 3.15 ಮಿ.ಮೀ.ನ 7018 ರಾಡ್, ಡಿಸಿ ಇನ್ವರ್ಟರ್‌ನಲ್ಲಿ 110ರಿಂದ 120 ಆಂಪ್. ಹಳೆಯ ಎಸಿ ಟ್ರಾನ್ಸ್‌ಫಾರ್ಮರ್ ಮಷಿನ್‌ನಲ್ಲಿ ಈ ರಾಡ್ ನೆಟ್ಟಗೆ ಹತ್ತಿಕೊಳ್ಳುವುದಿಲ್ಲ. ಪೊಟ್ಟಣ ಒಡೆದಿಟ್ಟ ರಾಡ್ ಮಲೆನಾಡಿನ ಮಳೆಗಾಲದ ತೇವ ಹೀರಿಕೊಂಡಿರುತ್ತದೆ. ಕಾಯಿಸದೆ ಬಳಸಿದರೆ ವೆಲ್ಡ್ ಒಳಗೇ ಬಿರುಕು. 20 ಮಿ.ಮೀ. ಕಿವಿಯನ್ನು ಗ್ಯಾಸ್ ಟಾರ್ಚ್‌ನಲ್ಲಿ ನೀರಿನ ಹನಿ ಚುರ್ ಎನ್ನುವಷ್ಟು ಬಿಸಿ ಮಾಡಿಕೊಂಡು ವೆಲ್ಡ್ ಮಾಡಬೇಕು. ತಣ್ಣನೆಯ ದಪ್ಪ ಕಬ್ಬಿಣಕ್ಕೆ ವೆಲ್ಡ್ ಬೇರೂರುವುದಿಲ್ಲ, ಮೇಲೆ ಕೂರುತ್ತದೆ ಅಷ್ಟೇ. ಕಮಾನಿನ ಪೈಪಿಗೆ ಮರೆಯಲ್ಲಿ 4 ಮಿ.ಮೀ. ತೂತು ಹಾಕಿ. ಒಳಗಿನ ಬಿಸಿ ಗಾಳಿಗೆ ದಾರಿ ಇಲ್ಲದಿದ್ದರೆ ಕೊನೆಯ ವೆಲ್ಡ್ ಮುಚ್ಚುವಾಗ ಗುಳ್ಳೆ ಒಡೆಯುತ್ತಲೇ ಇರುತ್ತದೆ.

ರೆಕ್ಕೆಗಳ ಅತಿ ತಗ್ಗಿನ ಜಾಗದಲ್ಲಿ 10 ಮಿ.ಮೀ. ತೂತು ಎರಡೆರಡು ಬೇಕು. ಕೆಂಪು ಕೆಸರು ಒಳಗೆ ಕೂತರೆ ಅದು ತಿಂಗಳುಗಟ್ಟಲೆ ಒಣಗುವುದಿಲ್ಲ. ಬಣ್ಣಕ್ಕೆ ಸತು ಇರುವ ಎಪಾಕ್ಸಿ ಪ್ರೈಮರ್, ಮೇಲೆ ಪಿಯು ಕಪ್ಪು. ಪೌಡರ್ ಕೋಟಿಂಗ್ ಬೇಡವೆಂದೆ: ಕಲ್ಲು ತಾಗಿ ಚಕ್ಕೆ ಎದ್ದರೆ ತುಕ್ಕು ಅದರಡಿ ಹರಿದಾಡುತ್ತದೆ, ಮನೆಯಲ್ಲಿ ತೇಪೆ ಹಾಕಲಾಗುವುದಿಲ್ಲ.

ವಿಂಚ್‌ನ ಎರಡೂ ಕೇಬಲ್ 35 ಚದರ ಮಿ.ಮೀ., ನೇರ ಬ್ಯಾಟರಿಗೆ, ನಡುವೆ ಐಸೊಲೇಟರ್ ಸ್ವಿಚ್. ನೆಗೆಟಿವ್ ಅನ್ನು ಚಾಸಿಸ್‌ಗೆ ಕೊಡಬೇಡಿ. ಪೂರ್ತಿ ಭಾರದಲ್ಲಿ 400 ಆಂಪ್ ಹತ್ತಿರ ಹರಿಯುತ್ತದೆ. ಸಿಂಥೆಟಿಕ್ ಹಗ್ಗಕ್ಕೆ ರೋಲರ್ ಇಲ್ಲದ ಅಲ್ಯೂಮಿನಿಯಂ ಹಾಸ್ ಫೇರ್‌ಲೀಡ್. ತಂತಿ ಹಗ್ಗ ಓಡಿ ಗೀರಾದ ಹಳೆ ರೋಲರ್ ಅದನ್ನು ಕೊಯ್ದುಬಿಡುತ್ತದೆ.

ಎಂ12 ಬೋಲ್ಟ್ 80 ನ್ಯೂಟನ್ ಮೀಟರ್, ವಿಂಚ್‌ನ ಎಂ10 ಬೋಲ್ಟ್ 45. ಬಿಗಿದ ಮೇಲೆ ಪ್ರತಿ ನಟ್‌ನಿಂದ ಪ್ಲೇಟಿನ ಮೇಲಕ್ಕೆ ಹಳದಿ ಬಣ್ಣದ ಗೆರೆ ಎಳೆದೆ. ಮೊದಲ ಪರೀಕ್ಷೆ ಬುಡಕ್ಕೆ ಅಗಲ ಪಟ್ಟಿ ಸುತ್ತಿದ ಗಟ್ಟಿ ಮರಕ್ಕೆ, ಬ್ರೇಕ್ ಹಿಡಿದು, ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕಿ, ಒಂದೊಂದೇ ಸೆಕೆಂಡ್ ಎಳೆತ. ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು. ಆಮೇಲೆ ಕಿವಿಯ ಬುಡ, ಬ್ರಾಕೆಟ್ ಮೂಲೆಗಳನ್ನು ಟಾರ್ಚ್ ಹಿಡಿದು ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಅಲ್ಲಿ ಬಣ್ಣ ಕೆರೆದು, ಬಿರುಕನ್ನು ಪೂರ್ತಿ ಗ್ರೈಂಡ್ ಮಾಡಿ ತೆಗೆದು ಮತ್ತೆ ವೆಲ್ಡ್ ಹಾಕಬೇಕು. ಮೇಲೆ ಮೇಲೆ ಸವರಿದರೆ ಬಿರುಕು ಅಡಿಯಲ್ಲೇ ಉಳಿಯುತ್ತದೆ. ಮೊದಲ ಓಟ ಮುಗಿದ ದಿನವೇ ಹಳದಿ ಗೆರೆಗಳನ್ನು ನೋಡಿ ಮತ್ತೆ ಬಿಗಿಯಿರಿ. ಪ್ಲೇಟಿನ ಅಡಿಯ ಬಣ್ಣ ಅದುಮಿಕೊಂಡಷ್ಟು ಬೋಲ್ಟ್ ಸಡಿಲವಾಗಿರುತ್ತದೆ. ಎರಡನೇ ಸಲ ಬಿಗಿದ ಮೇಲೆ ಗೆರೆ ಕದಲಿದರೆ ಒಳಗಿನ ಸ್ಲೀವ್ ಚಿಕ್ಕದಾಗಿದೆ ಎಂದೇ ಅರ್ಥ, ಬಿಚ್ಚಿ ಬದಲಾಯಿಸಬೇಕು.