ಊದುಗೊಳವೆ ಹಿಡಿದ ಬಾಯಿಗೆ ಉಸಿರಿನ ಪಾಠ

ನಾನು ಬೀಡಿ, ಸಿಗರೇಟು ಮುಟ್ಟಿದವಳಲ್ಲ. ಆದರೆ ಸಾಗರದ ಹತ್ತಿರದ ನಮ್ಮ ಮನೆಯಲ್ಲಿ 35 ವರ್ಷ ಒಲೆ ಊದಿದ್ದೇನೆ. ಅಡುಗೆ ಒಲೆ, ಬಚ್ಚಲ ಒಲೆ, ಕೊಯ್ಲು ಬಂದರೆ ಅಡಿಕೆ ಬೇಯಿಸುವ ಒಲೆ. ಮಳೆಗಾಲದ ಹಸಿ ಕಟ್ಟಿಗೆ ಎಷ್ಟು ಹೊಗೆ ಹಾಕುತ್ತದೆ ಅಂತ ಮಲೆನಾಡಿನ ಹೆಂಗಸರಿಗೆ ಹೇಳಬೇಕಿಲ್ಲ.

62ನೇ ವಯಸ್ಸಿಗೆ ಅಟ್ಟದ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಶಿವಮೊಗ್ಗದಲ್ಲಿ ಡಾಕ್ಟರು ಒಂದು ಕೊಳವೆ ಕೈಗೆ ಕೊಟ್ಟು "ಜೋರಾಗಿ ಊದಿ ಅಮ್ಮಾ" ಎಂದರು. ನನಗೆ ನಗು ಬಂತು. ಊದುವುದನ್ನು ನನಗೆ ಹೇಳಿಕೊಡಬೇಕಾ? ಊದಿದ ಗಾಳಿಯಲ್ಲಿ ನೂರಕ್ಕೆ 70 ಪಾಲಾದರೂ ಮೊದಲ ಸೆಕೆಂಡಿನಲ್ಲೇ ಹೊರಗೆ ಬರಬೇಕಂತೆ. ನನ್ನದು 52. ಸಿಒಪಿಡಿ ಎಂದರು, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಬಿಡುವುದೇ ಕಷ್ಟವಾಗುವ, ವಾಸಿಯಾಗದೆ ಉಳಿಯುವ ಶ್ವಾಸಕೋಶದ ಕಾಯಿಲೆ.

ಉಸಿರು ಕಟ್ಟಿದಾಗ ಗಾಳಿ ಸಾಲುತ್ತಿಲ್ಲ ಅನ್ನಿಸಿ ನಾವು ಮತ್ತೆ ಮತ್ತೆ ಎಳೆದುಕೊಳ್ಳುತ್ತೇವೆ. ನಿಜವಾಗಿ ಆಗಿರುವುದು ಬೇರೆ. ಹಳೇ ಗಾಳಿ ಹೊರಗೆ ಹೋಗದೆ ಒಳಗೇ ಸಿಕ್ಕಿಕೊಂಡಿರುತ್ತದೆ. ತುಂಬಿದ ಕೊಡಕ್ಕೆ ಎಷ್ಟು ನೀರು ಹೊಯ್ದರೇನು? ಅದಕ್ಕೇ ನನ್ನ ಅಭ್ಯಾಸವೆಲ್ಲ ಬಿಡುವ ಉಸಿರಿನದು.

ಬೆಳಿಗ್ಗೆ ಮೊದಲು ಇನ್‌ಹೇಲರ್. ಬಾಯಿ ಮುಕ್ಕಳಿಸಿ, ಕಾಲು ಗಂಟೆ ಬಿಟ್ಟು ಅಭ್ಯಾಸ. ತಿಂಡಿ ತಿಂದಿದ್ದರೆ ಎರಡು ಗಂಟೆ ಕಾಯುತ್ತೇನೆ, ಹೊಟ್ಟೆ ತುಂಬಿದ್ದರೆ ಉಸಿರಿಗೆ ಜಾಗ ಸಾಲುವುದಿಲ್ಲ. ನೆಲದ ಮೇಲೆ ಕೂರುವುದಿಲ್ಲ, ಕೈ ಇಲ್ಲದ ಕುರ್ಚಿ ಸಾಕು.

ಮೂಗಿನಿಂದ ಮೆಲ್ಲಗೆ ಎಳೆದುಕೊಳ್ಳಿ, ಮನಸ್ಸಿನಲ್ಲೇ ಎರಡು ಎಣಿಸಿ. ಆಮೇಲೆ ಊದುಗೊಳವೆಗೆ ಇಟ್ಟ ಹಾಗೆ ತುಟಿ ಮಾಡಿ, ನಾಲ್ಕು ಎಣಿಸುವಷ್ಟು ಹೊತ್ತು ಬಿಡಿ. ನಾನು ಎಡವಿದ್ದು ಇಲ್ಲೇ. ಹಳೇ ಚಾಳಿ, ಬೆಂಕಿ ಹೊತ್ತಿಸುವ ಹಾಗೆ ಊದಿಬಿಡುತ್ತಿದ್ದೆ. ಕೆಮ್ಮು ಬರುತ್ತಿತ್ತು. ಎದುರಿಗೆ ದೀಪ ಇದೆ ಅಂದುಕೊಳ್ಳಿ. ಕುಡಿ ಅಲ್ಲಾಡಬೇಕು, ಆರಬಾರದು. ತುಟಿ ಕಿರಿದಾದಾಗ ಒಳಗೆ ಸ್ವಲ್ಪ ಒತ್ತಡ ನಿಲ್ಲುತ್ತದೆ, ಸಣ್ಣ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ, ಒಳಗಿನ ಗಾಳಿಗೆ ದಾರಿ ಸಿಗುತ್ತದೆ.

ಇದನ್ನು ಕುರ್ಚಿಯಲ್ಲೇ ಬಿಟ್ಟು ಏಳಬೇಡಿ. ಮೆಟ್ಟಿಲ ಬುಡದಲ್ಲಿ ನಿಂತು ಎಳೆದುಕೊಳ್ಳಿ, ಬಿಡುತ್ತಾ ಎರಡು ಮೆಟ್ಟಿಲು ಹತ್ತಿ, ಮತ್ತೆ ನಿಲ್ಲಿ. ಬಿಂದಿಗೆ ಎತ್ತುವಾಗ, ಚಪ್ಪಲಿ ಹಾಕಲು ಬಗ್ಗುವಾಗಲೂ ಅಷ್ಟೇ, ಕಷ್ಟದ ಭಾಗ ಬಿಡುವ ಉಸಿರಿನಲ್ಲಿ. ಉಸಿರು ಬಿಗಿಹಿಡಿದು ಭಾರ ಎತ್ತುವ ನಮ್ಮ ಅಭ್ಯಾಸ ಇದೆಯಲ್ಲಾ, ಅದು ಹೋಗಬೇಕು.

ಆಸನ ಅಂತ ಮಾಡುವುದು ಕಡಿಮೆ. ಉಸಿರೆಳೆಯುತ್ತಾ ಎರಡೂ ಕೈ ಭುಜದ ಎತ್ತರಕ್ಕೆ, ಬಿಡುತ್ತಾ ಕೆಳಗೆ. ಐದು ಸಲ. ಆಮೇಲೆ ಐದು ಸುತ್ತು ಭ್ರಾಮರಿ. ಗುಂಯ್‌ಗುಡುತ್ತಾ ಇದ್ದರೆ ಬಿಡುವ ಉಸಿರು ತಾನಾಗಿಯೇ ಉದ್ದವಾಗುತ್ತದೆ, ನನಗೆ ಇದೇ ಇಷ್ಟ. ಒಂದೊಂದೇ ಮೂಗಿನ ಹೊಳ್ಳೆಯಿಂದ ಉಸಿರಾಡುವ ನಾಡಿಶೋಧನ ಮಾಡುವಾಗ ಕುಂಭಕ ಬೇಡ, ಉಸಿರು ತಡೆದು ಹಿಡಿಯುವುದು ನಮಗಲ್ಲ. ಹೊಟ್ಟೆ ಉಬ್ಬಿಸಿ ಉಸಿರಾಡುವುದು ಕೆಲವರಿಗೆ ಇನ್ನೂ ಸುಸ್ತು ಮಾಡುತ್ತದೆ. ನನಗೂ ಹಿಡಿಸಲಿಲ್ಲ, ಬಿಟ್ಟೆ. ಶವಾಸನಕ್ಕೆ ಅಂಗಾತ ಮಲಗಿದರೆ ದಮ್ಮು ಕಟ್ಟುತ್ತದೆ. ಆರಾಮ ಕುರ್ಚಿಯಲ್ಲಿ ಒರಗುತ್ತೇನೆ.

ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕ ಬೇಡವೇ ಬೇಡ. ಒಂದು ಶಿಬಿರದಲ್ಲಿ ಎಲ್ಲರ ಜೊತೆ ನನ್ನಿಂದಲೂ ನೂರು ಸಲ ಕಪಾಲಭಾತಿ ಮಾಡಿಸಿದರು. ಮೂವತ್ತಕ್ಕೇ ಕಣ್ಣು ಕತ್ತಲೆ ಬಂತು. ಅಷ್ಟು ರಭಸಕ್ಕೆ ನಮ್ಮ ಶ್ವಾಸನಾಳ ಮುಚ್ಚಿಕೊಳ್ಳುತ್ತದೆ, ಗಾಳಿ ಇನ್ನೂ ಜಾಸ್ತಿ ಒಳಗೆ ಉಳಿಯುತ್ತದೆ. ಸಂಕೋಚಪಟ್ಟುಕೊಂಡು ಮುಂದುವರಿಸಿದ್ದು ನನ್ನ ತಪ್ಪು. ಕಾಯಿಲೆ ಇದೆ ಅಂತ ಮೊದಲೇ ಹೇಳಿಬಿಡಿ.

ಬೆಂಗಳೂರಿನ ನಾಗರತ್ನ ಮತ್ತು ನಾಗೇಂದ್ರ ಅವರು ಯೋಗದ ಬಗ್ಗೆ ಮಾಡಿದ ಅಧ್ಯಯನ 1985ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ ಅಂತ ಮಗ ಓದಿ ಹೇಳಿದ. ಅದು ಅಸ್ತಮಾದವರ ಮೇಲೆ ಮಾಡಿದ್ದು. ನಮ್ಮ ಕಾಯಿಲೆಯಲ್ಲಿ ಹಾಳಾದ ಶ್ವಾಸಕೋಶ ಮೊದಲಿನಂತೆ ಆಗುವುದಿಲ್ಲ. ಯೋಗ ಮಾಡಿ ಇನ್‌ಹೇಲರ್ ಬಿಟ್ಟೆ ಎನ್ನುವವರ ಮಾತು ಕೇಳಬೇಡಿ. ನನಗೆ ಸಿಕ್ಕಿದ್ದು ಇಷ್ಟು: ಉಬ್ಬಸ ಬಂದಾಗ ಹೆದರಿಕೆ ಕಡಿಮೆಯಾಗಿದೆ, ಅಟ್ಟಕ್ಕೆ ನಾನೇ ಹೋಗುತ್ತೇನೆ.

ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ಅಂತ ತೋರಿಸುವ, ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದಿರಲಿ. ಥಂಡಿಯಲ್ಲಿ ಬೆರಳು ತಣ್ಣಗಿದ್ದರೆ ತಪ್ಪು ತೋರಿಸುತ್ತದೆ, ಉಜ್ಜಿ ಬೆಚ್ಚಗೆ ಮಾಡಿ ನೋಡಿ. 88ಕ್ಕಿಂತ ಕೆಳಗೆ ಹೋದರೆ ನಿಲ್ಲಿಸಿ ಅಂತ ನನ್ನ ಡಾಕ್ಟರು ಹೇಳಿದ್ದಾರೆ. ನಿಮಗೆ ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಉಬ್ಬಸ ಎದ್ದರೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕೈ ತೊಡೆ ಮೇಲೆ ಊರಿ, ಭುಜ ಸಡಿಲ ಬಿಟ್ಟು ತುಟಿ ಉಸಿರು ಶುರು ಮಾಡಿ. ತುರ್ತಿಗೆ ಕೊಟ್ಟ ಇನ್‌ಹೇಲರ್ ಕೈಗೆ ಸಿಗುವಲ್ಲೇ ಇರಲಿ. ಅದಕ್ಕೂ ಬಗ್ಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಬಂದರೆ, ಎದೆ ನೋವು ಬಂದರೆ ಪ್ರಾಣಾಯಾಮದ ಮಾತು ಬಿಟ್ಟು ಆಸ್ಪತ್ರೆಗೆ ಹೊರಡಿ. ಕಫದ ಬಣ್ಣ ಬದಲಾಗಿ ಜಾಸ್ತಿಯಾದರೂ ಅವತ್ತೇ ತೋರಿಸಿ, ನಾಳೆ ನೋಡೋಣ ಅನ್ನಬೇಡಿ.

ಹೊಗೆಯಿಂದ ದೂರ ಇರದೆ ಇದ್ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಅಡುಗೆ ಈಗ ಗ್ಯಾಸಿನಲ್ಲಿ. ಬಚ್ಚಲ ಒಲೆ ಮಾತ್ರ ಇನ್ನೂ ಕಟ್ಟಿಗೆಯದೇ, ಅದನ್ನು ಹೊತ್ತಿಸುವಾಗ "ಅತ್ತೆ, ನೀವು ಹೊರಗೆ ಕೂತ್ಕೊಳ್ಳಿ" ಅಂತ ಸೊಸೆ ಜಗುಲಿಗೆ ಕಳಿಸುತ್ತಾಳೆ. ಅವಳೂ ಊದುವುದು ಬೇಡ ಅಂತ, ಈ ಸಲ ಅಡಿಕೆ ದುಡ್ಡು ಬಂದರೆ ಸೋಲಾರ್ ಹಾಕಿಸುವ ಮಾತಾಗಿದೆ. ನಮ್ಮ ಮಳೆಗಾಲದಲ್ಲಿ ಅದೆಷ್ಟು ನೀರು ಕಾಯಿಸುತ್ತದೋ, ನೋಡಬೇಕು.