ಕಟ್ಟಡ ಪರವಾನಿಗೆ ನಿರಾಕರಣೆಯ ಮೇಲ್ಮನವಿ: ಸ್ಥಾಯಿ ಸಮಿತಿಯ ಸದಸ್ಯರು ಕಡತವನ್ನು ಪರಿಶೀಲಿಸುವ ಕ್ರಮ

ಮನೆಯನ್ನೋ ಅಂಗಡಿಯನ್ನೋ ಕಟ್ಟಲು ಕೇಳಿದ ಪರವಾನಿಗೆಯನ್ನು ಪಾಲಿಕೆಯ ಆಯುಕ್ತರು ನಿರಾಕರಿಸಿದರೆ, ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976ರ ಅಡಿಯಲ್ಲಿ ಅರ್ಜಿದಾರರು ಸ್ಥಾಯಿ ಸಮಿತಿಗೆ ಮೇಲ್ಮನವಿ ಸಲ್ಲಿಸಬಹುದು. ಬೆಳಗಾವಿ ಮಹಾನಗರ ಪಾಲಿಕೆಯಲ್ಲಿ 58 ವಾರ್ಡುಗಳಿದ್ದು, ನಾಲ್ಕು ಸ್ಥಾಯಿ ಸಮಿತಿಗಳಿಗೆ ತಲಾ ಏಳು ಸದಸ್ಯರು ಒಂದು ವರ್ಷದ ಅವಧಿಗೆ ಆಯ್ಕೆಯಾಗುತ್ತಾರೆ. ತೆರಿಗೆ, ಹಣಕಾಸು ಮತ್ತು ಮೇಲ್ಮನವಿ ಸಮಿತಿಗೆ ಬಂದವರು ಕೆಲಸ ಕಲಿಯುವಷ್ಟರಲ್ಲಿ ಅವಧಿಯೇ ಮುಗಿದಿರುತ್ತದೆ. ಈ ಬರಹ ಅಂಥ ಹೊಸ ಸದಸ್ಯರಿಗಾಗಿ. ಮೇಲ್ಮನವಿಯ ವಿಚಾರಣೆ ಎಂದರೆ ಜನರ ಅಹವಾಲು ಕೇಳಿ ಶಿಫಾರಸು ಮಾಡುವ ಸಭೆಯಲ್ಲ ಎಂಬುದನ್ನು ಮೊದಲೇ ಮನಗಾಣಬೇಕು. ಆಯುಕ್ತರು ಬರೆದ ಕಾರಣ ಕಾನೂನಿನ ಮುಂದೆ ನಿಲ್ಲುತ್ತದೆಯೇ ಇಲ್ಲವೇ ಎಂಬುದಷ್ಟೇ ಅಲ್ಲಿ ತೀರ್ಮಾನವಾಗಬೇಕು.

ಕಡತ ಸಮಿತಿಯ ಮುಂದೆ ಬರತಕ್ಕದ್ದೇ?

ವಿಚಾರಣೆಗೆ ದಿನ ಗೊತ್ತುಮಾಡುವ ಮೊದಲು ಪರಿಷತ್ ಕಾರ್ಯದರ್ಶಿಯವರೊಂದಿಗೆ ಕೂತು ಈ ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕು. ಬೆಳಗಾವಿಯ ಕ್ಯಾಂಪ್ ಪ್ರದೇಶದ ಕಟ್ಟಡಗಳು ಕಂಟೋನ್ಮೆಂಟ್ (ದಂಡು ಪ್ರದೇಶ) ಮಂಡಳಿಯ ಹದ್ದಿನಲ್ಲಿದ್ದು, 2006ರ ಕಂಟೋನ್ಮೆಂಟ್ ಕಾಯ್ದೆಗೆ ಒಳಪಡುವುದರಿಂದ ಅಲ್ಲಿನ ನಿರಾಕರಣೆ ಪಾಲಿಕೆಯ ಸಮಿತಿಗೆ ಸಂಬಂಧಿಸಿದ್ದಲ್ಲ. ಬಡಾವಣೆಯ ನಕ್ಷೆಗೆ ಅನುಮೋದನೆ ಕೊಡುವುದೂ ತಡೆಯುವುದೂ ಯೋಜನಾ ಪ್ರಾಧಿಕಾರವಾದ ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರದ (ಬುಡಾ) ಕೆಲಸ. ಪರವಾನಿಗೆ ಇಲ್ಲದೆ ಕಟ್ಟಿದ ಭಾಗವನ್ನು ಕೆಡವಬೇಕೆಂದು ಪೌರ ನಿಗಮಗಳ ಅಧಿನಿಯಮದ 321ನೇ ಪ್ರಕರಣದಡಿ (ಸೆಕ್ಷನ್) ಹೊರಡುವ ಅಂತಿಮ ಆದೇಶದ ವಿರುದ್ಧ ಹೋಗಬೇಕಾದದ್ದು ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ. ಒಂದೇ ಮನೆಯ ಬಗ್ಗೆ ನಿರಾಕರಣೆಯ ಆದೇಶವೂ ಕೆಡವುವ ಆದೇಶವೂ ಇರುವ ಕಡತಗಳು ಬರುವುದುಂಟು. ಆಗ ಸಮಿತಿ ಮೊದಲನೆಯದನ್ನು ಮಾತ್ರ ಮುಟ್ಟಬೇಕು. ಬಾಗಲಕೋಟೆಯ ಓದುಗರು ಇಲ್ಲಿನ ಕ್ರಮವನ್ನು ಇದ್ದಂತೆಯೇ ಅನ್ವಯಿಸಿಕೊಳ್ಳಬಾರದು, ಏಕೆಂದರೆ ಅಲ್ಲಿ ನಗರಸಭೆಗೆ 1964ರ ಪುರಸಭೆಗಳ ಅಧಿನಿಯಮವೂ ನವನಗರಕ್ಕೆ 1983ರ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯೂ ಇವೆ.

ಆಯುಕ್ತರು ಪರವಾನಿಗೆ ಕೊಟ್ಟೂ ಇಲ್ಲ, ನಿರಾಕರಿಸಿಯೂ ಇಲ್ಲ ಎಂಬ ದೂರು ಮೇಲ್ಮನವಿಯಲ್ಲ. ನಿಗದಿತ ಅವಧಿ ಮೀರಿದ ಮೇಲೆ ಅರ್ಜಿದಾರರು ಲಿಖಿತವಾಗಿ ಕೋರಿದರೆ ಸಮಿತಿಯೇ ಆ ಅರ್ಜಿಯನ್ನು ತೀರ್ಮಾನಿಸಬೇಕಾಗುತ್ತದೆ. ಅದಕ್ಕೆ ಬೇರೆ ವಹಿ ಇಡುವುದು ಒಳ್ಳೆಯದು. ಗಡುವಿನ ವಿಷಯದಲ್ಲಿ ಮೇಲ್ಮನವಿದಾರರು ಆದೇಶ ಕೈಗೆ ಬಂದ ಮೂವತ್ತು ದಿನದೊಳಗೆ ಸಲ್ಲಿಸಿಬಿಡುವುದೇ ಕ್ಷೇಮ. ತಡವಾಗಿ ಬಂದದ್ದಿದ್ದರೆ ತಡಕ್ಕೆ ಕೊಟ್ಟ ಕಾರಣವನ್ನು ಸಮಿತಿ ಮೊದಲು ತೀರ್ಮಾನಿಸಿ, ಆ ತೀರ್ಮಾನವನ್ನು ನಡಾವಳಿಯಲ್ಲಿ ಬರೆಸಿ, ಅನಂತರವೇ ಮುಂದಕ್ಕೆ ಹೋಗಬೇಕು.

ನಿರಾಕರಣೆಯ ಕಾರಣವನ್ನು ಓದುವುದು

ಕಡತ ಕೈಗೆ ಬಂದೊಡನೆ ನಕ್ಷೆಯನ್ನು ಬಿಡಿಸುವುದು ಹಲವರ ರೂಢಿ. ನಕ್ಷೆಗಿಂತ ಮೊದಲು ಓದಬೇಕಾದದ್ದು ನಿರಾಕರಣೆಯ ಆದೇಶವನ್ನು. ಕಾರಣವನ್ನು ಆದೇಶದಲ್ಲಿ ನಿರ್ದಿಷ್ಟವಾಗಿ ಹೇಳಲೇಬೇಕೆಂದು ಕಾಯ್ದೆ ವಿಧಿಸುತ್ತದೆ. "ನಿಯಮಾನುಸಾರ ಇರುವುದಿಲ್ಲ, ಆದ್ದರಿಂದ ತಿರಸ್ಕರಿಸಲಾಗಿದೆ" ಎಂಬ ಒಂದು ಸಾಲು ಕಾರಣವೆನಿಸುವುದಿಲ್ಲ, ಏಕೆಂದರೆ ಯಾವ ನಿಯಮ, ಎಷ್ಟು ಕೊರತೆ ಎಂಬುದು ಅದರಿಂದ ತಿಳಿಯದು. ಇಂಥ ಸಂದರ್ಭದಲ್ಲಿ ವಿಚಾರಣೆಯ ದಿನ ನಗರ ಯೋಜನಾ ವಿಭಾಗದ ಎಂಜಿನಿಯರರು ಎದ್ದು ನಿಂತು ಬಾಯಿಮಾತಿನಲ್ಲಿ ನಾಲ್ಕು ಹೊಸ ಕಾರಣಗಳನ್ನು ಸೇರಿಸುವುದುಂಟು. ಅದನ್ನು ಒಪ್ಪಬಾರದು. ಅಧಿಕಾರಿಯ ಆದೇಶವನ್ನು ಅದರಲ್ಲಿ ಬರೆದ ಕಾರಣಗಳಿಂದಲೇ ಅಳೆಯಬೇಕು, ಆಮೇಲೆ ತಂದು ಸೇರಿಸಿದ ಕಾರಣಗಳಿಂದಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ 1977ರಲ್ಲೇ ಹೇಳಿದೆ. ಹೊಸ ಕಾರಣ ನಿಜಕ್ಕೂ ಗಂಭೀರವಾಗಿದ್ದರೆ ಕಡತವನ್ನು ಆಯುಕ್ತರಿಗೆ ಹಿಂತಿರುಗಿಸಿ, ಅರ್ಜಿದಾರರಿಗೆ ಉತ್ತರಿಸಲು ಅವಕಾಶ ಕೊಟ್ಟು ಹೊಸ ಆದೇಶ ಮಾಡುವಂತೆ ಹೇಳುವುದೇ ಸರಿಯಾದ ದಾರಿ.

ಕಾರಣ ಸ್ಪಷ್ಟವಾಗಿದ್ದರೆ ಅದು ಯಾವ ಬಗೆಯದೆಂದು ನೋಡಬೇಕು. ಸಹಿ ಇಲ್ಲ, ಪಿ.ಆರ್. ಕಾರ್ಡ್ (ಆಸ್ತಿಯ ದಾಖಲೆ ಪತ್ರ) ಹಚ್ಚಿಲ್ಲ, ಎನ್.ಎ. (ಕೃಷಿಯೇತರ ಬಳಕೆಯ) ಆದೇಶದ ಪ್ರತಿ ಇಲ್ಲ, ಕೇಳಿದ ಮಾಹಿತಿ ಒದಗಿಸಿಲ್ಲ ಎಂಬಂಥವು ತಿದ್ದಿಕೊಳ್ಳಬಹುದಾದ ಕೊರತೆಗಳು. ಇವುಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ. ಬೆಳಗಾವಿ 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಹಳೆಯ ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲು) ಪತ್ರಗಳು ಮರಾಠಿಯಲ್ಲಿ, ಕೆಲವೊಮ್ಮೆ ಮೋಡಿ ಎಂಬ ಹಳೆಯ ಲಿಪಿಯಲ್ಲಿ ಇರುತ್ತವೆ. ಓದಲು ಬಾರದು ಎಂಬುದು ನಿರಾಕರಣೆಗೆ ಕಾರಣವಾಗಲಾರದು. ದೃಢೀಕೃತ ಅನುವಾದ ತರಿಸಿಕೊಳ್ಳಬೇಕು.

ಅಳತೆಯ ತಕರಾರುಗಳು ಹೆಚ್ಚು ತೊಡಕಿನವು, ಸಮಿತಿಯ ಶ್ರಮ ನಿಜವಾಗಿ ಬೇಕಾಗುವುದೂ ಇಲ್ಲಿಯೇ. ಶಹಾಪುರ, ವಡಗಾವಿ, ಖಡೇಬಜಾರಗಳ ಹಳೆಯ ಗಲ್ಲಿಗಳಲ್ಲಿ ಅಣ್ಣತಮ್ಮಂದಿರ ವಾಟ್ನಿಯಾಗಿ ಮುಂಭಾಗ ಕಿರಿದಾದ, ಉದ್ದಕ್ಕೆ ಸಾಗುವ, ಎರಡೂ ಬದಿಗೆ ಜಂಟಿ ಗೋಡೆಗಳಿರುವ ನಿವೇಶನಗಳೇ ಹೆಚ್ಚು. ಕಟ್ಟಡದ ಸುತ್ತ ಬಿಡಬೇಕಾದ ಜಾಗ, ಎತ್ತರ, ನಿವೇಶನಕ್ಕೆ ಹೋಲಿಸಿದ ಒಟ್ಟು ನೆಲವಿಸ್ತೀರ್ಣದ ಅನುಪಾತ ಇವೆಲ್ಲ ವಲಯ ನಿಯಮಾವಳಿಯಂತೆ ನಿವೇಶನದ ಅಳತೆಗೂ ಎದುರಿನ ರಸ್ತೆಯ ಅಗಲಕ್ಕೂ ತಳಕು ಹಾಕಿಕೊಂಡಿರುವುದರಿಂದ, ರಸ್ತೆಯ ಅಗಲವನ್ನು ಯಾವುದರಿಂದ ತೆಗೆದುಕೊಂಡರು ಎಂಬುದೇ ಅನೇಕ ಮೇಲ್ಮನವಿಗಳ ತಿರುಳು. ನಗರ ಮಾಪನದ (ಸಿಟಿ ಸರ್ವೆ) ನಕ್ಷೆಯಲ್ಲಿರುವ ಅಗಲ, ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಗುರುತಿಸಿದ ಅಗಲ, ಜನ ಕಟ್ಟೆ ಹಾಕಿಕೊಂಡು ಉಳಿದಿರುವ ಅಗಲ, ಈ ಮೂರೂ ಬೇರೆಬೇರೆಯಾಗಿರಬಹುದು. ಆದೇಶವು ಇವುಗಳಲ್ಲಿ ಯಾವುದನ್ನು ನೆಚ್ಚಿದೆ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿರಿ.

ಸಮಿತಿಯ ಕೈಯಲ್ಲಿಲ್ಲದ ಕಾರಣಗಳೂ ಇವೆ. ಮಹಾಯೋಜನೆಯಲ್ಲಿ ವಸತಿಗೆಂದು ಗುರುತಿಸಿದ ಜಾಗದಲ್ಲಿ ಗೋದಾಮು ಕಟ್ಟಲು ಅನುಮತಿ ಬೇಕೆಂದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 14ಎ ಪ್ರಕರಣದಡಿ ಭೂಬಳಕೆ ಬದಲಾವಣೆ ಆಗಬೇಕು. ಏಳು ಸದಸ್ಯರು ಒಮ್ಮತದಿಂದ ಕೈಯೆತ್ತಿದರೂ ಭೂಬಳಕೆ ಬದಲಾಗದು. ವಿಜಯಪುರ ಮಹಾನಗರ ಪಾಲಿಕೆಯಲ್ಲಿ ಇದೇ ಬಗೆಯ ಮಿತಿ ಸ್ಮಾರಕಗಳಿಂದ ಬರುತ್ತದೆ. ಪ್ರಾಚೀನ ಸ್ಮಾರಕಗಳ 1958ರ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ ಗೋಳಗುಮ್ಮಟ, ಇಬ್ರಾಹಿಂ ರೋಜಾದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆಗೆ ಅವಕಾಶವಿಲ್ಲ. ನಿಯಂತ್ರಿತ ಪ್ರದೇಶದಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಸಕ್ಷಮ ಪ್ರಾಧಿಕಾರ ಅನುಮತಿ ಕೊಡಬೇಕು. ಸಮಿತಿ ಇಲ್ಲಿ ಪರಿಶೀಲಿಸಬಹುದಾದದ್ದು ಒಂದೇ: ದೂರವನ್ನು ಸಂರಕ್ಷಿತ ಗಡಿಯಿಂದ ಅಳೆದರೇ, ಇಲ್ಲವೇ ಕಣ್ಣಂದಾಜಿನಲ್ಲಿ ಬರೆದರೇ ಎಂಬುದು.

ನೆರೆಯವರು ಆಸ್ತಿ ತಮ್ಮದೆಂದು ತಕರಾರು ಹಾಕಿದ ಮಾತ್ರಕ್ಕೆ ನಿರಾಕರಿಸಿದ್ದರೆ, ಅರ್ಜಿದಾರರ ದಾಖಲೆಗಳು ಮೇಲ್ನೋಟಕ್ಕೆ ಹಕ್ಕನ್ನು ತೋರಿಸುತ್ತವೆಯೇ, ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ ಇದೆಯೇ ಎಂದಷ್ಟು ನೋಡಿದರೆ ಸಾಕು. ಯಾರು ಮಾಲೀಕರೆಂದು ತೀರ್ಪು ಕೊಡುವುದು ಸಮಿತಿಯ ಕೆಲಸವಲ್ಲ.

ಯಾರು ಕೂಡಬಾರದು

ಇದು ಮುಜುಗರದ ವಿಷಯವಾದರೂ ಬಿಡುವಂತಿಲ್ಲ. ವಾರ್ಡಿನ ಸದಸ್ಯರ ಬಳಿಗೆ ಜನ ಬರುವುದು ಸಹಜ. ಅವರು ಎಂಜಿನಿಯರರಿಗೆ ಫೋನ್ ಮಾಡಿ ಅರ್ಜಿಯ ಪರವಾಗಿ ಮಾತಾಡುವುದೂ ಸಹಜ. ಆದರೆ ಹಾಗೆ ಮಾತಾಡಿದವರೇ ಆ ಮೇಲ್ಮನವಿಯ ವಿಚಾರಣೆಗೆ ಕೂತರೆ ತೀರ್ಮಾನ ಎಷ್ಟೇ ನ್ಯಾಯವಾಗಿದ್ದರೂ ಉಳಿಯುವುದು ಕಷ್ಟ. 1969ರ ಕ್ರೈಪಕ್ ಪ್ರಕರಣದಲ್ಲಿ, ಆಯ್ಕೆ ಸಮಿತಿಯ ಸದಸ್ಯರೊಬ್ಬರು ತಾವೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಎದ್ದು ಹೋಗಿದ್ದರೂ ಉಳಿದವರ ವಿಷಯದಲ್ಲಿ ಕೂತಿದ್ದರೆಂಬ ಕಾರಣಕ್ಕೆ ಇಡೀ ಆಯ್ಕೆಯೇ ರದ್ದಾಯಿತು. ಸಂಬಂಧಿಕರು, ವ್ಯವಹಾರದ ಪಾಲುದಾರರು, ನಕ್ಷೆ ಮಾಡಿಕೊಟ್ಟ ಎಂಜಿನಿಯರರ ಮನೆಯವರು ಇಂಥ ನಂಟಿದ್ದರೆ ಮೊದಲೇ ತಿಳಿಸಿ, ಸಭಾಗೃಹದಿಂದ ಹೊರಗೆ ಹೋಗಿ, ಅದು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ತನ್ನ ವಾರ್ಡಿನ ಅರ್ಜಿ ಎಂಬ ಒಂದೇ ಕಾರಣಕ್ಕೆ ಹೊರಗುಳಿಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಪರವಾಗಿಯೋ ವಿರುದ್ಧವಾಗಿಯೋ ಮೊದಲೇ ಮಾತು ಕೊಟ್ಟವರು ಮಾತ್ರ ಹೊರಗಿರಬೇಕು.

ವಿಚಾರಣೆ, ಸ್ಥಳ ಪರಿಶೀಲನೆ, ಆದೇಶ

ಮೇಲ್ಮನವಿದಾರರಿಗೂ ಆಯುಕ್ತರ ಪರವಾಗಿ ಬರುವವರಿಗೂ ತಕರಾರು ಕೊಟ್ಟ ನೆರೆಯವರಿಗೂ ಒಂದೇ ದಿನದ ನೋಟಿಸು ಹೋಗಬೇಕು. ಸ್ಥಳಕ್ಕೆ ಹೋಗುವುದಾದರೆ ಎಲ್ಲರ ಎದುರಿನಲ್ಲಿ ಹೋಗಿ, ಟೇಪು ಹಿಡಿದು ಅಳೆದು, ಅಲ್ಲಿಯೇ ಪಂಚನಾಮೆ ಬರೆದು ಸಹಿ ಮಾಡಿಸಬೇಕು. ಒಬ್ಬ ಸದಸ್ಯರು ಸಂಜೆಗೆ ಒಬ್ಬರೇ ಹೋಗಿ ನೋಡಿ ಬಂದು ಹೇಳುವ ವರದಿಗೆ ಬೆಲೆಯಿಲ್ಲ. ಕೇಳಿದವರೇ ತೀರ್ಮಾನಿಸಬೇಕೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯ 1958ರ ಗುಲ್ಲಪಲ್ಲಿ ನಾಗೇಶ್ವರರಾವ್ ಪ್ರಕರಣದಲ್ಲಿ ಎತ್ತಿಹಿಡಿದಿರುವುದರಿಂದ, ವಿಚಾರಣೆಗೆ ಗೈರುಹಾಜರಾಗಿ ಮುಂದಿನ ಸಭೆಗೆ ಬಂದ ಸದಸ್ಯರು ಆ ಕಡತದ ಮೇಲೆ ಮತ ಹಾಕಬಾರದು.

ಮೇಲ್ಮನವಿಯ ನಡುವೆ ಪರಿಷ್ಕೃತ ನಕ್ಷೆ ತಂದು ಕೊಟ್ಟರೆ ಸಮಿತಿ ತಾನೇ ಅದನ್ನು ಮಂಜೂರು ಮಾಡಲು ಹೋಗಬಾರದು. ಅದನ್ನು ಯಾರೂ ತಾಂತ್ರಿಕವಾಗಿ ಪರಿಶೀಲಿಸಿರುವುದಿಲ್ಲ. ದಿನ ಗೊತ್ತುಮಾಡಿ ಆಯುಕ್ತರಿಗೆ ಕಳಿಸುವುದು ಲೇಸು.

ಆದೇಶದಲ್ಲಿ "ಚರ್ಚಿಸಿ ಮೇಲ್ಮನವಿ ಪುರಸ್ಕರಿಸಲಾಯಿತು" ಎಂದಷ್ಟೇ ಬರೆದರೆ, ಆಯುಕ್ತರಲ್ಲಿ ಯಾವ ದೋಷವನ್ನು ಹಿಡಿದೆವೋ ಅದನ್ನೇ ನಾವೂ ಮಾಡಿದಂತಾಗುತ್ತದೆ. ಕೆಳಗಿನ ಮಾದರಿಯಂತೆ ಬರೆಯಬಹುದು: "ಎದುರಿನ ರಸ್ತೆಯ ಅಗಲ ಸಾಲದೆಂಬ ಒಂದೇ ಕಾರಣದಿಂದ ಪರವಾನಿಗೆ ನಿರಾಕರಿಸಲಾಗಿದೆ. ಆ ಅಗಲವನ್ನು ಸ್ಥಳದಲ್ಲಿ ಅಳೆದ ದಾಖಲೆ ಕಡತದಲ್ಲಿಲ್ಲ. ಉಭಯತರ ಸಮ್ಮುಖದ ಪಂಚನಾಮೆಯಲ್ಲಿ ಕಂಡ ಅಗಲವು ನಗರ ಮಾಪನ ನಕ್ಷೆಗೆ ತಾಳೆಯಾಗುತ್ತಿದ್ದು, ನಿಯಮಾವಳಿಯಂತೆ ಸಾಕಷ್ಟಿದೆ. ಆದ್ದರಿಂದ ನಿರಾಕರಣೆಯ ಆದೇಶವನ್ನು ರದ್ದುಪಡಿಸಿ, ಅರ್ಜಿಯನ್ನು ಈ ಅಗಲದ ಆಧಾರದ ಮೇಲೆ ಪುನಃ ಪರಿಶೀಲಿಸಲು ಆಯುಕ್ತರಿಗೆ ಸೂಚಿಸಲಾಗಿದೆ." ಮೇಲ್ಮನವಿ ವಜಾ ಆಗುವುದಿದ್ದರೂ ಇಷ್ಟೇ ವಿವರ ಬೇಕು. ಒಪ್ಪದ ಸದಸ್ಯರ ಭಿನ್ನಾಭಿಪ್ರಾಯವನ್ನು ಅವರ ಮಾತಿನಲ್ಲೇ ದಾಖಲಿಸಬೇಕು.

ಆದೇಶದ ಪ್ರತಿಯನ್ನು ಮೇಲ್ಮನವಿದಾರರಿಗೆ ತಲುಪಿಸಿ, ತಲುಪಿದ ದಿನಾಂಕದೊಂದಿಗೆ ಸ್ವೀಕೃತಿ ಪಡೆದು ಕಡತಕ್ಕೆ ಹಚ್ಚಬೇಕು. ಅಸಮಾಧಾನಗೊಂಡವರು ಸಂವಿಧಾನದ 226ನೇ ವಿಧಿಯಡಿ ಉಚ್ಚ ನ್ಯಾಯಾಲಯಕ್ಕೆ, ಎಂದರೆ ಬೆಳಗಾವಿಯವರು ಧಾರವಾಡ ಪೀಠಕ್ಕೂ ವಿಜಯಪುರದವರು ಕಲಬುರಗಿ ಪೀಠಕ್ಕೂ ಹೋಗಬಹುದು. ಆಗ ನ್ಯಾಯಾಲಯ ತರಿಸಿಕೊಳ್ಳುವುದು ಇದೇ ಕಡತವನ್ನು. ಹಾಗಾಗಿ ನೋಟಿಸು, ಪಂಚನಾಮೆ, ಹಾಜರಾತಿ, ಆದೇಶ ಎಲ್ಲಕ್ಕೂ ಪುಟಸಂಖ್ಯೆ ಹಾಕಿ, ಪರಿಷತ್ ಕಾರ್ಯದರ್ಶಿಯವರ ಸಹಿಯಾದ ಮೇಲೆಯೇ ಅದನ್ನು ನಗರ ಯೋಜನಾ ವಿಭಾಗಕ್ಕೆ ಮರಳಿಸಬೇಕು.